ಮರಿ ತರೋಕ್ ಮುಂಚೆ ಗೂಡು ಕಟ್ರಿ

ನಮ್ಮ ಬಾತುಕೋಳಿ ಫೋಟೋ ಹಾಕ್ದಾಗಿಂದ ಇನ್‌ಬಾಕ್ಸಲ್ಲಿ ಒಂದೇ ಪ್ರಶ್ನೆ ಬರ್ತಾ ಐತೆ, ಮರಿ ಎಲ್ಲಿ ಸಿಗ್ತಾವೆ, ಜೋಡಿಗೆ ಎಷ್ಟು, ಯಾವ ತಳಿ ಜಾಸ್ತಿ ಮೊಟ್ಟೆ ಇಡುತ್ತೆ ಅಂತ. ನಮ್ಮವು ಖಾಕಿ ಕ್ಯಾಂಪ್‌ಬೆಲ್, ಮೊಟ್ಟೆಗೆ ಒಳ್ಳೆ ತಳಿ, ಬೆಂಗಳೂರು ಹತ್ರ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆ ಐತಲ್ಲ, ಅಲ್ಲಿ ವಿಚಾರಿಸಿ. ಆದ್ರೆ ಗೂಡು ಹೆಂಗೆ ಕಟ್ಟಿದ್ರಿ ಅಂತ ಇಲ್ಲೀತನಕ ಒಬ್ರೂ ಕೇಳಿಲ್ಲ, ನನಗೆ ಸಂಕಟ ಆಗೋದು ಅದಕ್ಕೇ. ಯಾಕಂದ್ರೆ ನಾನೂ ಕೇಳಿರಲಿಲ್ಲ, ಅದಕ್ಕೆ ಮೂರು ಬಾತುಕೋಳಿ ಜೀವ ಹೋಯ್ತು.

ನಮ್ಮನೆ ದಾವಣಗೆರೆ ಊರಾಚೆ, ಹಿತ್ಲು ದಾಟಿದ್ರೆ ಖಾಲಿ ಸೈಟು, ಅದರಾಚೆ ಭದ್ರಾ ಚಾನಲ್ಲು, ಚಾನಲ್ ದಾಟಿದ್ರೆ ಗದ್ದೆ. ಎರಡು ವರ್ಷದ ಹಿಂದೆ ಐದು ತಂದ್ವಿ. ಮೂರು ಕಡೆ ಹಾಲೋ ಬ್ಲಾಕ್ ಇಟ್ಟು, ಮುಂದ್ಗಡೆ ಆರು ಮೂಲೆ ಕಣ್ಣಿನ ಕೋಳಿ ಜಾಲರಿ ಬರುತ್ತಲ್ಲ ಅದನ್ನ ಮೊಳೆ ಹೊಡ್ದು ಬಿಗಿದ್ವಿ, ಅಂಗಡೀಲಿ ಎಲ್ರೂ ಇದನ್ನೇ ಒಯ್ತಾರೆ ಅಂದ್ರು, ನಾವೂ ನಂಬಿದ್ವಿ. ಡಿಸೆಂಬರ್ ಚಳಿ ರಾತ್ರಿ, ಕಿಟಕಿ ಬಾಗ್ಲು ಎಲ್ಲಾ ಹಾಕ್ಕೊಂಡು ಮಲಗಿದ್ವಿ, ಒಂದು ಸದ್ದೂ ಕೇಳ್ಲಿಲ್ಲ. ಬೆಳಿಗ್ಗೆ ಐದೂವರೆಗೆ ಹೋಗಿ ನೋಡಿದ್ರೆ ಜಾಲರಿ ಕಿತ್ತು ಒಳಕ್ಕೆ ಬಾಗಿತ್ತು, ಮೂರು ಸತ್ತು ಬಿದ್ದಿದ್ವು. ತಿಂದಿರಲಿಲ್ಲ, ಬರೀ ಕಚ್ಚಿ ಕಚ್ಚಿ ಹಾಕಿದ್ವು. ಬೀದಿ ನಾಯಿಗಳ ಕೆಲಸ. ಉಳಿದ ಎರಡು ಬ್ಲಾಕಿನ ಮೂಲೆಗೆ ಒತ್ತಿ ಕೂತಿದ್ವು, ಒಂದರ ರೆಕ್ಕೆ ಹರ್ದಿತ್ತು. ಮಗಳು ಆವತ್ತು ಸ್ಕೂಲಿಗೆ ಹೋಗ್ಲಿಲ್ಲ, ನಾನೂ ಅವಳಿಗೆ ಹೋಗು ಅನ್ನಲಿಲ್ಲ.

ಕೋಳಿ ಜಾಲರಿ ಇರೋದು ಕೋಳಿ ಹೊರಗೆ ಹೋಗ್ದಂಗೆ ತಡಿಯಾಕೆ. ನಾಯಿ, ಬೆಕ್ಕು ಒಳಗೆ ಬರ್ದಂಗೆ ತಡಿಯಾಕಲ್ಲ. ಈ ಒಂದು ಮಾತು ಯಾರಾದ್ರೂ ಮೊದ್ಲೇ ಹೇಳಿದ್ರೆ ಅಂತ ಇವತ್ತಿಗೂ ಅನ್ನಿಸುತ್ತೆ. ಅದರ ತಂತಿ ಬರೀ ತಿರುಚಿ ಹೆಣೆದಿರೋದು, ನಾಯಿ ಹಲ್ಲಿಗೆ ನಿಲ್ಲಲ್ಲ, ಕಣ್ಣೂ ದೊಡ್ಡದು, ಪುನುಗು ಬೆಕ್ಕು ಪಂಜ ತೂರ್ಸಿ ಜಾಲರಿ ಪಕ್ಕ ಮಲಗಿರೋ ಹಕ್ಕಿ ಕತ್ತು ಹಿಡೀಬಹುದು.

ಕೋಳಿ ಸಾಕಿದೋರಿಗೆ ಬಾತುಕೋಳಿ ವಿಷಯ ಅರ್ಥ ಆಗಲ್ಲ. ನಮ್ಮತ್ತೆ ಹರಿಹರ ಕಡೆ ಹಳ್ಳಿಯೋರು, ಜೀವಮಾನ ಎಲ್ಲಾ ಕೋಳಿ ಸಾಕ್ಯಾರೆ, ಮೊದಲು ಅವರೂ ಅಂದಿದ್ದು ಕೋಳಿ ಗಿಡ ಹತ್ತಿ ಕೂರ್ತಾವಲ್ಲ ಇವೂ ಹಂಗೇ ಬಿಡವ್ವ ಅಂತಾನೇ. ಇವು ಹತ್ತಲ್ಲ. ನೆಲದಾಗೆ ಮಲಗ್ತಾವೆ, ಸಾಕಿದ ಈ ತಳಿ ಜೀವ ಉಳಿಸ್ಕೊಳ್ಳೋವಷ್ಟು ಎತ್ತರ ಹಾರೋದೂ ಇಲ್ಲ. ನಮ್ಮ ಸಾಕು ಬಾತುಗಳ ಮೂಲ ಮಲ್ಲಾರ್ಡ್ ಅನ್ನೋ ಕಾಡು ಬಾತು, ಅವು ಸಾಲಾಗಿ ಮಲಗಿದಾಗ ಕೊನೇಲಿರೋದು ಹೊರಗಿನ ಕಡೆ ಕಣ್ಣು ತೆಕ್ಕೊಂಡು, ಅರ್ಧ ಮಿದುಳು ಎಚ್ಚರ ಇಟ್ಕೊಂಡೇ ನಿದ್ದೆ ಮಾಡುತ್ತೆ ಅಂತ 1999ರಲ್ಲಿ ವಿಜ್ಞಾನಿಗಳು ತೋರ್ಸಿದ್ರು. ಆ ಘಟನೆ ಆದ್ಮೇಲೆ ಒಂದು ರಾತ್ರಿ ಟಾರ್ಚ್ ಹಾಕಿ ನೋಡಿದ್ರೆ ಉಳಿದ ಎರಡರಲ್ಲಿ ಒಂದು ಬಾಗಿಲ ಕಡೆ ಕಣ್ಣು ಬಿಟ್ಕೊಂಡೇ ಕೂತಿತ್ತು. ಹಾರೋ ಶಕ್ತಿ ನಾವು ಮನುಷ್ಯರು ತಳಿ ಮಾಡ್ತಾ ಮಾಡ್ತಾ ಕಿತ್ಕೊಂಡ್ವಿ, ಕಾಯೋ ಕೆಲಸ ಮಾತ್ರ ಇನ್ನೂ ಅದರ ಮೇಲೇ ಬಿಟ್ಟೀವಿ ಅನ್ನಿಸಿ ಹೊಟ್ಟೆ ಉರೀತು.

ಪಕ್ಕದ ಮನೆ ಅಜ್ಜ, ಒಳ್ಳೆ ಮನುಷ್ಯ, ಔಷಧಿ ಕಲ್ಸಿ ಇಡವ್ವ ಒಂದೇ ದಿನಕ್ಕೆ ನಾಯಿ ಮುಂಗುಸಿ ಎಲ್ಲಾ ಮುಗೀತಾವೆ ಅಂದ್ರು. ಬ್ಯಾಡಜ್ಜ ಅಂದೆ. ವಿಷ ಇಡೋದು ತಪ್ಪು, ಕಾನೂನಿಗೂ ತಪ್ಪು, ಮುಂಗುಸಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ರಕ್ಷಣೆ ಐತೆ. ಅದಕ್ಕಿಂತ ಹೆಚ್ಚಾಗಿ, ಅವು ನಮಗಿಂತ ಮುಂಚೆ ಆ ಚಾನಲ್ ದಂಡೆ ಮೇಲೆ ಇದ್ವು, ಹಸಿವಾದ್ರೆ ತಿಂತಾವೆ. ಸಂದಿ ಬಿಟ್ಟೋಳು ನಾನು.

ಮುಂಗುಸಿ ಬಗ್ಗೆ ಇನ್ನೊಂದು, ಅದು ಹಗಲು ಓಡಾಡೋ ಪ್ರಾಣಿ. ರಾತ್ರಿ ಬೀಗ ಹಾಕಿದ್ವಿ ಸಾಕು ಅನ್ನೋರು ಗಮನ ಕೊಡ್ರಿ, ಮಟಮಟ ಮಧ್ಯಾಹ್ನ ಮನೇಲಿ ಎಲ್ರೂ ಮಲಗಿರುವಾಗ ಗೋಡೆ ಬುಡ ಕೆದ್ರಿ ನುಗ್ಗುತ್ತೆ. ಅದಕ್ಕೆ ರಾತ್ರಿ ಗೂಡು ಒಂದು, ಹಗಲು ಅಡ್ಡಾಡಾಕೆ ಸುತ್ತ ಮತ್ತು ಮೇಲೆ ಜಾಲರಿ ಇರೋ ಅಂಗಳ ಒಂದು, ಎರಡೂ ಬೇಕು. ಮೇಲ್ಗಡೆ ಜಾಲರಿ ಹದ್ದಿಗೆ, ಮೊಟ್ಟೆ ಕದಿಯೋ ಕಾಗೆಗೆ. 2020ರ ಮಾರ್ಚಲ್ಲಿ ನಮ್ಮ ಹರಿಹರ ತಾಲೂಕಿನ ಬನ್ನಿಕೋಡಲ್ಲಿ ಹಕ್ಕಿಜ್ವರ ಬಂದು ಕೋಳಿಗಳನ್ನ ಕೊಂದಿದ್ದು ನೆನಪೈತಲ್ಲ, ಹೊರಗಿನ ಹಕ್ಕಿ ಬಂದು ಇವುಗಳ ನೀರು ಮುಟ್ಟದಂಗೆ, ಮೇವು ತಿನ್ನದಂಗೆ ನೋಡ್ಕೊಳ್ಳಾಕೂ ಅದು ಬೇಕೇ ಬೇಕು.

ಈಗ ಎರಡನೇ ಗೂಡು. ಆರಡಿ ಉದ್ದ ನಾಲ್ಕಡಿ ಅಗಲ, ಒಂದು ಬಾತಿಗೆ ನಾಲ್ಕು ಚದರ ಅಡಿ ಲೆಕ್ಕ ಹಿಡಿದ್ರೆ ಐದಕ್ಕೆ ಧಾರಾಳ ಆಯ್ತು. ಕೂರಾಕೆ ಕೋಲು ಗೀಲು ಏನೂ ಬೇಡ. ಮೂರಡಿ ಗೋಡೆ, ಅದರ ಮೇಲೆ ಒಂದಡಿ ಸುತ್ತ ಜಾಲರಿ, ಗಾಳಿ ಅವುಗಳ ತಲೆ ಮೇಲಿಂದ ಹೋಗ್ಬೇಕು, ಯಾಕಂದ್ರೆ ಬಾತುಕೋಳಿ ಉಸಿರು, ಹಿಕ್ಕೆ ಎರಡ್ರಲ್ಲೂ ನೀರು ಜಾಸ್ತಿ, ಗಾಳಿ ಆಡ್ಲಿಲ್ಲ ಅಂದ್ರೆ ಬೆಳಗಾಗೋದ್ರೊಳಗೆ ಒಳಗೆ ಅಮೋನಿಯಾ ನಾತ ಕಣ್ಣು ಉರ್ಸುತ್ತೆ. ಜಾಲರಿ ಅರ್ಧ ಇಂಚು ಕಣ್ಣಿನ ಜಿಐ ವೆಲ್ಡ್ ಮೆಶ್, ಅಂದ್ರೆ ತಂತಿ ತಂತಿ ಕೂಡೋ ಕಡೆ ಎಲ್ಲಾ ಬೆಸುಗೆ ಹಾಕಿ, ಸತು ಲೇಪ ಕೊಟ್ಟಿರೋ ಕಬ್ಬಿಣದ ಜಾಲರಿ. ಕೋಳಿ ಜಾಲರಿಗಿಂತ ತುಂಬಾ ದುಬಾರಿ, ಬಿಲ್ ನೋಡಿ ನಮ್ಮೋರು ಸುಮ್ನಾದ್ರು, ಆದ್ರೆ ದುಡ್ಡು ಹಾಕ್ಬೇಕಾಗಿರೋದೇ ಅಲ್ಲಿ. ಎಷ್ಟೋ ಜನ ಗೂಡಿಗೆ ಬಣ್ಣ, ಮುಂದೆ ಟೈಲ್ಸ್ ಹಾಕಿದ ಕೊಳ, ಹೆಸರಿನ ಬೋರ್ಡು ಎಲ್ಲಾ ಮಾಡಿ ಜಾಲರಿಗೆ ಬಂದಾಗ ಅಗ್ಗದ್ದು ತಗೊಳ್ತಾರೆ, ನೋಡಿದ್ರೆ ಸಿಟ್ಟು ಬರುತ್ತೆ. ಕೊಳ ಆಮೇಲೆ ಮಾಡ್ರಿ, ಮೂಗು ಕಣ್ಣು ತೊಳ್ಕೊಳ್ಳಾಕೆ ತಲೆ ಮುಳುಗೋವಷ್ಟು ಆಳದ ಒಂದು ಪ್ಲಾಸ್ಟಿಕ್ ಟಬ್ ನೀರು ಇದ್ರೂ ಬದುಕ್ತಾವೆ.

ಮೆಶ್ಶಿಗೆ ಮೊಳೆ ಹೊಡೀಬ್ಯಾಡ್ರಿ. ವೆಲ್ಡಿಂಗ್ ಅಣ್ಣ ಆಂಗಲ್ ಫ್ರೇಮ್ ಮಾಡಿ ಮೆಶ್ ಮೇಲೆ ಕಬ್ಬಿಣದ ಪಟ್ಟಿ ಇಟ್ಟು ನಟ್ಟು ಬೋಲ್ಟು ಹಾಕಿ ಬಿಗಿದ, ಜೋತು ಬಿದ್ದು ಎಳೆದ್ರೂ ಬರಲ್ಲ. ಆಮೇಲೆ ಬುಡದ್ದು, ಇದು ನಾನು ಕಲ್ತಿದ್ರಲ್ಲಿ ಎಲ್ಲಕ್ಕಿಂತ ದೊಡ್ಡದು. ಅಂಗಳದ ಜಾಲರೀನ ನೆಲಕ್ಕೆ ಬಂದಲ್ಲಿಗೆ ನಿಲ್ಲಿಸ್ಬಾರ್ದು, ಅಲ್ಲಿಂದ ಹೊರಗಡೆಗೆ ಎರಡಡಿ ಅಗಲ ಮೆಶ್ ನೆಲದ ಮೇಲೆ ಚಪ್ಪಟೆ ಹಾಸಿ ಮೇಲೆ ಎರಡು ಮೂರು ಇಂಚು ಮಣ್ಣು ಮುಚ್ಬೇಕು. ಕೆದರೋ ಪ್ರಾಣಿ ಬರೋದು ಗೋಡೆ ಬುಡಕ್ಕೇ, ಅಲ್ಲೇ ಕೆದರುತ್ತೆ, ಉಗುರಿಗೆ ತಂತಿ ಸಿಗುತ್ತೆ, ಎರಡಡಿ ಹಿಂದೆ ಹೋಗಿ ಅಲ್ಲಿಂದ ತೋಡಾಣ ಅಂತ ಅದಕ್ಕೆ ಹೊಳೆಯಲ್ಲ. ಕಟ್ಟಿದ ವಾರಕ್ಕೇ ಎರಡು ಕಡೆ ಕೆದರಿದ ಗುರುತು ಇತ್ತು, ಅಷ್ಟಕ್ಕೇ ಬಿಟ್ಟು ಹೋಗಿತ್ತು. ಮಗಳನ್ನ ಕರೆದು ತೋರ್ಸಿದೆ.

ಗೂಡಿನೊಳಗೆ ನೆಲಕ್ಕೆ ಕಡಪ ಕಲ್ಲು, ಒಂದು ಕಡೆಗೆ ಇಳಿಜಾರು, ಹೆಗ್ಗಣ ತೂತು ಕೊರೆಯಾಕೆ ಆಗಲ್ಲ. ಒರಟು ಸಿಮೆಂಟ್ ನೆಲ ಆದ್ರೆ ಅಂಗಾಲು ತರಚಿ ಗಾಯ ಆಗಿ ಕೀವು ತುಂಬುತ್ತೆ. ಮೇಲೆ ಭತ್ತದ ಹೊಟ್ಟು, ನಮ್ಮೂರಲ್ಲಿ ರೈಸ್ ಮಿಲ್ಲಿಗೇನು ಬರ. ನೆಂದದ್ದನ್ನ ಮಾತ್ರ ಅವತ್ತಿಂದವತ್ತೇ ತೆಗೀರಿ, ಬೂಷ್ಟು ಹಿಡಿದ್ರೆ ಶ್ವಾಸಕೋಶಕ್ಕೆ ರೋಗ ಬರುತ್ತೆ. ಮೇಲೆ ತಗಡು, ಬೇಸಿಗೇಲಿ ಕಾಯುತ್ತೆ ಅಂತ ಚನ್ನಗಿರಿ ಕಡೆಯಿಂದ ಅಡಿಕೆ ಸೋಗೆ ತರ್ಸಿ ಹೊದ್ಸೀವಿ.

ಬಾಗಿಲಿಗೆ ಬರೀ ಚಿಲಕ ಸಾಲದು. ನಮ್ಮ ಏರಿಯಾದಲ್ಲಿ ಮಂಗಗಳು ಬರ್ತಾವೆ, ಚಿಲಕ ಸರಿಸಾಕೆ ಅವಕ್ಕೆ ಯಾರೂ ಹೇಳ್ಕೊಡಬೇಕಾಗಿಲ್ಲ. ಮೇಲೊಂದು ಕೆಳಗೊಂದು ಚಿಲಕ, ಕೆಳಗಿನದಕ್ಕೆ ಬೀಗ. ರಾತ್ರಿ ಒಳಗೆ ಕಾಳು ಬಿಡ್ಬೇಡ್ರಿ, ಕಾಳಿಗೆ ಇಲಿ, ಇಲಿಗೆ ಹಾವು. ನೀರಿಲ್ದೆ ಬರೀ ಮೇವು ಇಡೋದಂತೂ ಬೇಡವೇ ಬೇಡ, ಗಂಟಲಿಗೆ ಸಿಗುತ್ತೆ. ಕತ್ತಲಾಗೋ ಹೊತ್ತಿಗೆ ಹೊಟ್ಟೆ ತುಂಬಾ ತಿನ್ಸಿ ಕುಡ್ಸಿ ಒಳಗೆ ಹಾಕಿದ್ರೆ ದೊಡ್ಡ ಬಾತುಗಳು ಬೆಳಗಿನ ತನಕ ಇರ್ತಾವೆ. ಬೆಳಿಗ್ಗೆ ಎಂಟೂವರೆ ತನಕ ಬಿಡಲ್ಲ ನಾವು, ಮೊಟ್ಟೆ ಬಹಳ ಮಟ್ಟಿಗೆ ಅಷ್ಟೊತ್ತಿಗೆ ಒಳಗೇ ಇಟ್ಟಿರ್ತಾವೆ.

ಎಷ್ಟೇ ಗಟ್ಟಿ ಗೂಡು ಕಟ್ಟಿದ್ರೂ ಹೊತ್ತಿಗೆ ಸರಿಯಾಗಿ ಬಾಗಿಲು ಹಾಕೋ ಒಬ್ರು ಮನೇಲಿ ಇರ್ಲೇಬೇಕು. ಕೋಳಿ ಥರ ಇವು ಹೊತ್ತು ಮುಳುಗಿದ್ರೆ ತಾವಾಗೇ ಗೂಡಿಗೆ ಹೋಗ್ತಾವೆ ಅನ್ನಂಗಿಲ್ಲ, ಎರಡೂ ಕೈ ಅಗಲ ಚಾಚಿ ಹಿಂದಿಂದ ನಿಧಾನ ನಡ್ಸಿಕೊಂಡು ಹೋಗ್ಬೇಕು, ಕಾಲು ಹಿಡಿದು ಎತ್ತಬಾರ್ದು, ಕಾಲು ಬಹಳ ನಾಜೂಕು. ಮದುವೆ, ಜಾತ್ರೆ, ಆಸ್ಪತ್ರೆ ಅಂತ ನಾವು ಲೇಟಾಗೋ ದಿನ ಅದೇ ಅಜ್ಜನ ಹತ್ರ ಬೀಗದ ಕೈ ಇರುತ್ತೆ. ಔಷಧಿ ಇಡು ಅಂದಿದ್ದೋರೇ ಈಗ ಏಳು ಗಂಟೆಗೆ ಫೋನ್ ಮಾಡಿ ಎಲ್ಲಾ ಒಳಗೆ ಹೋದ್ವು ಕಣವ್ವ, ಎಣಿಸೀನಿ ಅಂತಾರೆ.

ಹಳೇ ಎರಡು, ಆಮೇಲೆ ತಂದ ಮೂರು, ಒಟ್ಟು ಐದು ಅದಾವೆ. ಆ ಮೂರನ್ನ ತಂದಿದ್ದು ಗೂಡು ಮುಗಿದು ಒಂದು ತಿಂಗಳಾದ್ಮೇಲೆ. ಮರಿ ಬೇಕು ಅಂತ ಕೇಳ್ತಿರೋರು ನಿಮ್ಮ ಹಿತ್ಲು ಎಷ್ಟೈತೆ, ಸುತ್ತ ಏನೇನೈತೆ ಅಂತ ಬರೀರಿ, ಅಳತೆ ಮೆಶ್ ಲೆಕ್ಕ ನಾನೇ ಹಾಕ್ಕೊಡ್ತೀನಿ. ನಮ್ಮದರಲ್ಲೂ ಚಾನಲ್ ಕಡೆ ಮೂಲೇಲಿ, ನೀರು ಚೆಲ್ಲೋ ಜಾಗದಲ್ಲಿ, ಮೆಶ್ ಬುಡ ತುಕ್ಕು ಹಿಡಿಯಾಕೆ ಶುರುವಾಗೈತೆ, ಬೆರಳಲ್ಲಿ ಒತ್ತಿದ್ರೆ ಪುಡಿ ಉದುರ್ತು. ಭಾನುವಾರ ವೆಲ್ಡಿಂಗ್ ಅಣ್ಣ ಬರ್ತೀನಿ ಅಂದಾನೆ, ಅಲ್ಲೀತನಕ ಎರಡು ಕಡಪ ಕಲ್ಲು ಅಡ್ಡ ನಿಲ್ಸೀನಿ.