ಗೆದ್ದರೆ ರಿಯಾದ್, ಸೋತರೆ ರೈಲು

ರಾಜ್ಯಗಳ ನಡುವಿನ ರಾಷ್ಟ್ರೀಯ ಫುಟ್‌ಬಾಲ್ ಸ್ಪರ್ಧೆಯಾದ ಸಂತೋಷ್ ಟ್ರೋಫಿಯ ಅರ್ಹತಾ ಸುತ್ತಿಗೆ ರಾಜ್ಯ ತಂಡ ಪ್ರಕಟವಾಗಿದೆ ಎಂಬ ಸುದ್ದಿ ಪ್ರತಿವರ್ಷ ಕ್ರೀಡಾಪುಟದ ಮೂಲೆಯಲ್ಲಿ, ಯಾರೋ ಕ್ರಿಕೆಟಿಗನ ಮಂಡಿನೋವಿನ ಸವಿಸ್ತಾರ ವರದಿಯ ಕೆಳಗೆ, ನಾಲ್ಕು ಸಾಲಿನಲ್ಲಿ ಬರುತ್ತದೆ. ತಂಡ ಸೋತು ಮರಳಿದ ಸುದ್ದಿಗೆ ಮೂರು ಸಾಲು ಸಾಕಾಗುತ್ತದೆ. ಎರಡರ ನಡುವೆ ಹೆಚ್ಚು ದಿನಗಳ ಅಂತರವೂ ಇರುವುದಿಲ್ಲವಾದ್ದರಿಂದ, ಸಂಪಾದಕರು ಮನಸ್ಸು ಮಾಡಿ ಎರಡನ್ನೂ ಒಂದೇ ದಿನ ಅಚ್ಚು ಹಾಕಿಸಿದರೆ ಕಾಗದವಾದರೂ ಉಳಿದೀತು.

2024-25ರ ಅರ್ಹತಾ ಸುತ್ತನ್ನು ರೂಪಿಸಿದವರ ಮಿತವ್ಯಯವನ್ನು ಮೆಚ್ಚದೆ ಇರಲಾಗದು. ಒಂಬತ್ತು ಗುಂಪು, ಗುಂಪಿಗೆ ಹೆಚ್ಚೆಂದರೆ ನಾಲ್ಕು ತಂಡ, ಅಗ್ರಸ್ಥಾನ ಪಡೆದ ಒಂದಕ್ಕೆ ಮಾತ್ರ ಮುಂದಿನ ದಾರಿ. ಎಂದರೆ, ಒಂದು ಇಡೀ ರಾಜ್ಯದ ಫುಟ್‌ಬಾಲ್ ಯೋಗ್ಯತೆ ಮೂರು ಪಂದ್ಯಗಳಲ್ಲಿ, 270 ನಿಮಿಷಗಳಲ್ಲಿ ತೀರ್ಮಾನವಾಗುತ್ತದೆ. ಇಷ್ಟು ಚುರುಕಾಗಿ ಈ ದೇಶದಲ್ಲಿ ಬೇರೆ ಯಾವ ವ್ಯಾಜ್ಯವೂ ಇತ್ಯರ್ಥವಾದ ಉದಾಹರಣೆಯಿಲ್ಲ. ಅದಕ್ಕೆ ಎರಡು ವರ್ಷ ಹಿಂದೆ ಗುಂಪುಗಳು ಆರೇ ಇದ್ದವು, ಗುಂಪಿನೊಳಗೆ ತಂಡಗಳು ಹೆಚ್ಚಿದ್ದವು, ಎರಡನೇ ಸ್ಥಾನದಲ್ಲಿ ಚೆನ್ನಾಗಿ ಆಡಿದವರಿಗೂ ಒಂದು ಕಿಂಡಿ ತೆರೆದಿರುತ್ತಿತ್ತು. ಆ ಕಿಂಡಿಯಿಂದ ಗಾಳಿ ಬರುತ್ತಿದ್ದಿರಬೇಕು, ಮುಚ್ಚಲಾಯಿತು.

ಹಾಗೆಂದು ಬಾಗಿಲು ಎಲ್ಲರಿಗೂ ಮುಚ್ಚಿರಲಿಲ್ಲ. ಅಂತಿಮ ಸುತ್ತಿನ ಹನ್ನೆರಡು ತಂಡಗಳಲ್ಲಿ ಮೂರಕ್ಕೆ ಅರ್ಹತಾ ಸುತ್ತಿನ ಗೊಡವೆಯೇ ಇರಲಿಲ್ಲ. ಹಿಂದಿನ ಬಾರಿ ಫೈನಲ್ ಆಡಿದ ಸೇನಾಪಡೆಗಳ ಸರ್ವಿಸಸ್ ಮತ್ತು ಗೋವಾ ತಂಡಗಳಿಗೆ ವಿನಾಯಿತಿ ಕೊಟ್ಟದ್ದು ಯಾರಿಗಾದರೂ ಅರ್ಥವಾಗುತ್ತದೆ. ಮೂರನೆಯದು ತೆಲಂಗಾಣ, ಅದು ಮಾಡಿದ್ದ ಸಾಧನೆಯೆಂದರೆ ಅಂತಿಮ ಸುತ್ತು ನಡೆದ ಹೈದರಾಬಾದ್ ಎಂಬ ನಗರವನ್ನು ಹೊಂದಿದ್ದುದು. 2023-24ರಲ್ಲಿ ಅಂತಿಮ ಸುತ್ತು ಅರುಣಾಚಲ ಪ್ರದೇಶದಲ್ಲಿ ನಡೆದಾಗ ಅರುಣಾಚಲವೂ ಆತಿಥೇಯನ ಹಕ್ಕಿನಲ್ಲಿ ಒಳಗೆ ಬಂದಿತ್ತು. ಮನೆಯ ಯಜಮಾನನನ್ನು ಹೊರಗೆ ನಿಲ್ಲಿಸುವುದು ನಮ್ಮ ಸಂಸ್ಕೃತಿಯಲ್ಲ ಎಂಬುದನ್ನು ಒಪ್ಪೋಣ. ಆದರೆ ತರಬೇತುದಾರರಾಗಿ ವರ್ಷಗಟ್ಟಲೆ ಬೆವರು ಸುರಿಸಿದವರು, ಸ್ಟ್ರೈಕರ್‌ಗಿಂತ ಹೋಟೆಲ್ ಕೊಠಡಿ ಕಾಯ್ದಿರಿಸುವವನೇ ತಂಡಕ್ಕೆ ಹೆಚ್ಚು ಉಪಯುಕ್ತ ಎಂಬ ನಿರ್ಧಾರಕ್ಕೆ ಬಂದರೆ ಅವರನ್ನು ದೂರುವಂತಿಲ್ಲ.

ಆ ಹನ್ನೆರಡರ ಪಟ್ಟಿಯಲ್ಲಿ ತಮಿಳುನಾಡು ಇತ್ತು, ಕೇರಳ ಇತ್ತು, ಗೋವಾ ಇತ್ತು. ಕರ್ನಾಟಕ ಇರಲಿಲ್ಲ. ಅದಕ್ಕೆ ಇಪ್ಪತ್ತು ತಿಂಗಳ ಹಿಂದೆಯಷ್ಟೇ ಇದೇ ಟ್ರೋಫಿಯನ್ನು ಎತ್ತಿ ಹಿಡಿದಿದ್ದ ಕರ್ನಾಟಕ. ಮೈಸೂರು ಎಂಬ ಹೆಸರಿನಲ್ಲಿ ನಾಲ್ಕು ಬಾರಿ ಗೆದ್ದಿದ್ದ ರಾಜ್ಯ, 54 ವರ್ಷ ಕಾದು, ಕರ್ನಾಟಕವೆಂಬ ಹೆಸರಿನಲ್ಲಿ ಮೊದಲ ಬಾರಿ ಗೆದ್ದದ್ದು 2023ರ ಮಾರ್ಚ್ 4ರಂದು. ಮೇಘಾಲಯದ ವಿರುದ್ಧ 3-2. ಸ್ಥಳ: ಸೌದಿ ಅರೇಬಿಯಾದ ರಿಯಾದ್.

ಈ ರಿಯಾದ್ ಪ್ರಸಂಗವನ್ನು ಎಷ್ಟು ಸಲ ನೆನೆದರೂ ಬೇಸರವಾಗುವುದಿಲ್ಲ. ಭುವನೇಶ್ವರದಲ್ಲಿ ಗುಂಪಿನ ಪಂದ್ಯಗಳನ್ನು ಆಡುತ್ತಿದ್ದ ಹುಡುಗರಲ್ಲಿ ನಾಲ್ಕು ತಂಡಗಳವರನ್ನು ವಿಮಾನ ಹತ್ತಿಸಿ, ಅರವತ್ತು ಸಾವಿರಕ್ಕೂ ಹೆಚ್ಚು ಜನ ಕೂರಬಹುದಾದ ಕಿಂಗ್ ಫಹಾದ್ ಕ್ರೀಡಾಂಗಣದಲ್ಲಿ ಇಳಿಸಲಾಯಿತು. ಕೊಲ್ಲಿಯಲ್ಲಿ ಲಕ್ಷಗಟ್ಟಲೆ ಭಾರತೀಯರಿದ್ದಾರೆ, ಅದರಲ್ಲೂ ಮಲಯಾಳಿಗಳು ಫುಟ್‌ಬಾಲ್ ಎಂದರೆ ಜೀವ ಬಿಡುತ್ತಾರೆ ಎಂಬುದು ಸರಿಯಾದ ಲೆಕ್ಕವೇ. ಆದರೆ ಕೇರಳ ಭುವನೇಶ್ವರದಲ್ಲೇ ಹೊರಬಿದ್ದಿತ್ತು. ಸೆಮಿಫೈನಲ್‌ಗೆ ಬಂದವರು ಪಂಜಾಬ್, ಮೇಘಾಲಯ, ಕರ್ನಾಟಕ ಮತ್ತು ಸರ್ವಿಸಸ್. ರಿಯಾದ್‌ನಲ್ಲಿ ನೆಲೆಸಿರುವ ಮೇಘಾಲಯದ ಖಾಸಿ ಸಮುದಾಯದವರೆಲ್ಲ ತಪ್ಪದೆ ಬಂದಿದ್ದರೂ ಒಂದು ಸಾಲಿನ ಕುರ್ಚಿ ತುಂಬುತ್ತಿತ್ತೋ ಇಲ್ಲವೋ. ಮೂಗಿಗಿಂತ ಮೂಗುತಿ ಭಾರ. ಅದೇ ಟ್ರೋಫಿಯ ಹಿಂದಿನ ವರ್ಷದ ಫೈನಲ್ ಕೇರಳದ ಮಂಜೇರಿಯಲ್ಲಿ ನಡೆದಾಗ ಕಾಲಿಡಲು ಜಾಗವಿರಲಿಲ್ಲ ಎಂಬುದನ್ನು ಯಾರೂ ಅಧಿಕಾರಿಗಳಿಗೆ ನೆನಪಿಸಲಿಲ್ಲವೆಂದು ಕಾಣುತ್ತದೆ, ಅಥವಾ ಅಷ್ಟೊಂದು ಜನಸಂದಣಿ ಆಟಗಾರರ ಏಕಾಗ್ರತೆಗೆ ಭಂಗ ತರುತ್ತದೆಯೆಂದು ಅವರೇ ಭಾವಿಸಿರಬಹುದು.

ಪರಂಪರೆಯ ದೃಷ್ಟಿಯಿಂದ ನೋಡಿದರೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. 1941ರಲ್ಲಿ ಆರಂಭವಾದ ಈ ಟ್ರೋಫಿಗೆ ಹೆಸರು ಕೊಟ್ಟ ಸಂತೋಷ್ ಎಂಬ ಜಮೀನ್ದಾರಿಯ ಊರು ಈಗ ಬಾಂಗ್ಲಾದೇಶದಲ್ಲಿದೆ. ತವರೇ ವಿದೇಶದಲ್ಲಿರುವ ಟ್ರೋಫಿಯ ಫೈನಲ್ ವಿದೇಶಕ್ಕೆ ಹೋದರೆ ಯಾರು ಆಕ್ಷೇಪಿಸಬೇಕು? ಅಲ್ಲದೆ ಸೌದಿಯೊಂದಿಗೆ ನಮ್ಮ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ಗೆ ಆ ಹೊತ್ತಿನಲ್ಲಿ ವಿಶೇಷ ಅಕ್ಕರೆಯಿತ್ತು. 2022ರ ಅಕ್ಟೋಬರ್‌ನಲ್ಲಿ ಎರಡು ದೇಶಗಳ ಫುಟ್‌ಬಾಲ್ ಸಂಸ್ಥೆಗಳು ಒಪ್ಪಂದಕ್ಕೆ ಸಹಿ ಹಾಕಿದವು. ಡಿಸೆಂಬರ್‌ನಲ್ಲಿ ಭಾರತ 2027ರ ಏಷ್ಯನ್ ಕಪ್ ಆತಿಥ್ಯದ ಸ್ಪರ್ಧೆಯಿಂದ ಹಿಂದೆ ಸರಿದು ಸೌದಿಯೊಂದನ್ನೇ ಕಣದಲ್ಲಿ ಉಳಿಸಿತು. ಫೆಬ್ರವರಿಯಲ್ಲಿ ಸೌದಿಗೆ ಆತಿಥ್ಯ ಸಿಕ್ಕಿತು. ಮಾರ್ಚ್‌ನಲ್ಲಿ ನಮ್ಮ ಹುಡುಗರಿಗೆ ರಿಯಾದ್ ಯಾತ್ರೆ ಸಿಕ್ಕಿತು. ಇವೆಲ್ಲ ಕ್ಯಾಲೆಂಡರಿನಲ್ಲಿ ಒಂದರ ಪಕ್ಕ ಒಂದು ಬಂದದ್ದು ಕಾಕತಾಳೀಯವೆಂದು ನಂಬುವಷ್ಟು ದೊಡ್ಡ ಮನಸ್ಸು ನಮ್ಮದು.

ಇನ್ನು ಅರ್ಹತಾ ಸುತ್ತಿನಲ್ಲಿ ಎಲ್ಲರೂ ಇರಬೇಕು ಎಂಬ ಔದಾರ್ಯದ ಮಾತು. 2024ರ ನವೆಂಬರ್‌ನಲ್ಲಿ ಕಲ್ಲಿಕೋಟೆಯಲ್ಲಿ ಕೇರಳ ತಂಡ ಲಕ್ಷದ್ವೀಪವನ್ನು 10-0 ಗೋಲುಗಳಿಂದ ಸೋಲಿಸಿತು. ಕೇರಳದವರನ್ನು ಕ್ರೂರಿಗಳೆನ್ನಬೇಡಿ, ಗುಂಪಿನಿಂದ ಒಬ್ಬರೇ ಮುಂದೆ ಹೋಗುವ ವ್ಯವಸ್ಥೆಯಲ್ಲಿ ಗೋಲು ವ್ಯತ್ಯಾಸವೆಂಬುದು ಕಷ್ಟಕಾಲಕ್ಕೆ ಕೂಡಿಡುವ ಹಣ, ಐದಾದ ಮೇಲೆ ಕರುಣೆಯಿಂದ ನಿಲ್ಲಿಸಲು ಬರುವುದಿಲ್ಲ. ಸಮುದ್ರ ದಾಟಿ ಬಂದು ಹತ್ತು ಗೋಲು ಹೊಡೆಸಿಕೊಂಡ ಆ ದ್ವೀಪದ ಹುಡುಗರಿಗೆ ಇದರಿಂದ ಏನು ಕಲಿಸಿದೆವು ಎಂದು ಕೇಳಿದರೆ ಫೆಡರೇಷನ್ನಿನಲ್ಲಿ ಯಾರೂ ಉತ್ತರಿಸಲಾರರು. ತಮ್ಮ ಶಕ್ತಿಗೆ ಸಮನಾದ ತಂಡಗಳೊಡನೆ ವರ್ಷವಿಡೀ ಆಡಲು ಒಂದು ಕೆಳಹಂತದ ಸ್ಪರ್ಧೆಯನ್ನು ಅವರಿಗೆ ಏರ್ಪಡಿಸಿಕೊಡುವುದು ದುಬಾರಿ ಮತ್ತು ತಲೆನೋವಿನ ಕೆಲಸ. ಒಂದು ಮಧ್ಯಾಹ್ನ ಕರೆಸಿ ಸೋಲಿಸಿ ಕಳುಹಿಸುವುದು ಅಗ್ಗ. ಮೇಲಾಗಿ, ರಾಜ್ಯ ಸಂಸ್ಥೆಯೆಂದರೆ ಫೆಡರೇಷನ್ ಚುನಾವಣೆಯಲ್ಲಿ ಒಂದು ಮತ. 2022ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಸ್ಥಾನಕ್ಕೆ ಕಲ್ಯಾಣ್ ಚೌಬೆ ಅವರು ಭಾಯ್ಚುಂಗ್ ಭುಟಿಯಾ ಅವರನ್ನು 33-1ರಿಂದ ಸೋಲಿಸಿದ್ದು ಇಂಥ ಮತಗಳಿಂದಲೇ. ಭಾರತದ ಫುಟ್‌ಬಾಲ್ ನಾಯಕನಾಗಿದ್ದವನಿಗೆ ಫುಟ್‌ಬಾಲ್ ಸಂಸ್ಥೆಗಳಿಂದ ಬಿದ್ದದ್ದು ಒಂದೇ ಮತ. ಲಕ್ಷದ್ವೀಪ ಕೂಡ ಇದಕ್ಕಿಂತ ಕಡಿಮೆ ಅಂತರದಲ್ಲಿ ಸೋತಿದೆ.

ಮೂರು ಪಂದ್ಯಗಳಿಗಾಗಿ ಆಯ್ಕೆ ಶಿಬಿರಕ್ಕೆ ಬರುವ ಆಟಗಾರನ ಕಡೆಗೂ ಒಮ್ಮೆ ನೋಡಬೇಕು. ಹಲಸೂರಿನ ಬಳಿಯ ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್ ಮತ್ತು ಮದರ್ ತೆರೇಸಾರ ಜೊತೆಗೆ ಪೆಲೆಯ ಪ್ರತಿಮೆಯೂ ಇದೆ. ಫುಟ್‌ಬಾಲನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡ ಬೀದಿಗಳು ಈ ರಾಜ್ಯದಲ್ಲಿ ಹೆಚ್ಚಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರೇ. ಇಂಥ ಬೀದಿಗಳಿಂದ ಬರುವ ಹುಡುಗನಿಗೆ ರಾಜ್ಯದ ಜೆರ್ಸಿಯಷ್ಟೇ ಅಗತ್ಯವಾದದ್ದು ಅದರೊಂದಿಗೆ ಬರುವ ಸರ್ಟಿಫಿಕೇಟ್. ರಾಷ್ಟ್ರೀಯ ಸ್ಪರ್ಧೆಯಲ್ಲಿ ರಾಜ್ಯವನ್ನು ಪ್ರತಿನಿಧಿಸಿದ್ದಾನೆ ಎಂಬ ಆ ಹಾಳೆಯನ್ನು ಹಿಡಿದೇ ಆತ ಕ್ರೀಡಾ ಕೋಟಾದಲ್ಲಿ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಬೇಕು. ಇಪ್ಪತ್ತಾರು ದಾಟಿದ, ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) ಕ್ಲಬ್ಬುಗಳು ಎಂದೂ ತಿರುಗಿ ನೋಡದ ಆಟಗಾರನ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಟ್ರೋಫಿಯಿಲ್ಲ. ಅವನ ಆಟವನ್ನು ನೋಡಿ ಅಳೆಯಲು 270 ನಿಮಿಷ ಸಾಲದು. ಮೊದಲ ಪಂದ್ಯದಲ್ಲಿ ಕಾಲು ಉಳುಕಿತೋ, ಅವನ ವರ್ಷ ಅಲ್ಲಿಗೇ ಮುಗಿಯಿತು. ಹಿಂದೆ ಕೊಡುತ್ತಿದ್ದ ಪಂದ್ಯಗಳನ್ನೂ ಕಸಿದುಕೊಂಡು ಅದನ್ನೇ ಸುಧಾರಣೆ ಎನ್ನುವವರಿಗೆ ನಾಚಿಕೆಯಾಗಬೇಕು. ಇದರಲ್ಲಿ ನಗಲು ಏನೂ ಇಲ್ಲ.

ಕೆಲಸ ಸಿಕ್ಕವನ ಕಥೆ ಮಾತ್ರ ಸ್ವಾರಸ್ಯದ್ದು. ಸೇನೆಗೋ ರೈಲ್ವೆಗೋ ಸೇರಿದವನು ಸರ್ವಿಸಸ್ ಅಥವಾ ರೈಲ್ವೇಸ್ ಎಂಬ, ಭೂಪಟದಲ್ಲಿ ಎಲ್ಲೂ ಇಲ್ಲದ ಆದರೆ ಈ ಸ್ಪರ್ಧೆಯಲ್ಲಿ ಮಾತ್ರ ಇರುವ ರಾಜ್ಯದ ಪ್ರಜೆಯಾಗುತ್ತಾನೆ. ಸ್ವಂತ ರಾಜ್ಯ ಉಳಿಸಿಕೊಳ್ಳಲಾಗದ ಆಟಗಾರ ಮುಂದೊಂದು ದಿನ ಎದುರಾಳಿಯ ಅಂಗಿ ತೊಟ್ಟು ಬಂದು ತವರಿನ ವಿರುದ್ಧವೇ ಗೋಲು ಹೊಡೆದು ಹೋಗಬಹುದು. 2023-24ರಲ್ಲಿ ಗೋವಾವನ್ನು ಸೋಲಿಸಿ ಸರ್ವಿಸಸ್ ಟ್ರೋಫಿ ಗೆದ್ದದ್ದು ಹೀಗೆ ದೇಶದ ಮೂಲೆಮೂಲೆಗಳಿಂದ ಬಂದ ಹುಡುಗರಿಂದಲೇ. ಅವರಿಗೆ ಸಂಬಳವಿದೆ, ಮೈದಾನವಿದೆ, ವರ್ಷವಿಡೀ ಅಭ್ಯಾಸವಿದೆ.

ಕರ್ನಾಟಕಕ್ಕೆ ಸಲಹೆ ಕೊಡುವುದಾದರೆ, ಆಯ್ಕೆ ಶಿಬಿರವನ್ನು ರದ್ದುಪಡಿಸಿ ಆತಿಥ್ಯಕ್ಕೆ ಅರ್ಜಿ ಹಾಕುವುದು ಒಳ್ಳೆಯದು. ಬೆಂಗಳೂರಿನಲ್ಲಿ ಹೋಟೆಲುಗಳಿಗೆ ಬರವಿಲ್ಲ. ಉದ್ಘಾಟನೆಗೆ ಮಂತ್ರಿಗಳೂ ಸಿಗುತ್ತಾರೆ, ಶಾಲು ಹಾರಗಳ ಸರಬರಾಜಿನಲ್ಲಿ ನಮ್ಮನ್ನು ಮೀರಿಸುವ ರಾಜ್ಯ ಇನ್ನೂ ಹುಟ್ಟಿಲ್ಲ. ಒಂದೇ ಒಂದು ಗೋಲು ಹೊಡೆಯದೆ ನೇರವಾಗಿ ಅಂತಿಮ ಸುತ್ತಿನಲ್ಲಿ ಇರುತ್ತೇವೆ. ಅಲ್ಲಿ ಗುಂಪಿಗೆ ಆರು ತಂಡ, ಆದ್ದರಿಂದ ಹುಡುಗರು ಸೋತರೂ ಐದು ಪಂದ್ಯ ಆಡಿ ಸೋಲಬಹುದು.