ಹೆಬ್ಬೆರಳಿನ ಹಂಗು

ನಾಲ್ಕು ವರ್ಷ ಡಬ್ಲಿನ್‌ನಲ್ಲಿದ್ದರೂ ನಾನು ಒಬ್ಬ ಐರಿಷ್ ಮನುಷ್ಯನ ಮನೆಯೊಳಗೂ ಕಾಲಿಟ್ಟಿರಲಿಲ್ಲ. ಹೇಳಿಕೊಳ್ಳಲು ನಾಚಿಕೆ, ಆದರೆ ನಿಜ. ಆಫೀಸಿನಲ್ಲಿ ಅವರ ಜೊತೆ ಮಾತಿತ್ತು, ಶುಕ್ರವಾರ ಪಬ್ಬಿನಲ್ಲಿ ನಗುವೂ ಇತ್ತು. ಮನೆ ಅಂತ ಬಂದರೆ ನಾವು ನಾವೇ. ಯುಗಾದಿಗೆ ಸೇರುವವರು ನಮ್ಮವರು, ಬಾಡಿಗೆ ಮನೆ ಬದಲಿಸುವಾಗ ಸೋಫಾ ಎತ್ತಲು ಬರುವವರೂ ನಮ್ಮವರೇ. "ಹಂಗಿನರಮನೆಗಿಂತ ವಿಂಗಡದ ಗುಡಿ ಲೇಸು" ಅಂತ ಅಪ್ಪ ಹೇಳುತ್ತಿದ್ದ ಗಾದೆ. ಅದನ್ನು ಸೂಟ್‌ಕೇಸಿನಲ್ಲಿಟ್ಟುಕೊಂಡೇ ಇಲ್ಲಿಗೆ ಬಂದಿದ್ದೆ. ಯಾರ ಹಂಗಿಲ್ಲದೆ ಬದುಕುತ್ತಿದ್ದೇನೆ ಅಂತ ಒಳಗೊಳಗೆ ಹೆಮ್ಮೆಯೂ ಇತ್ತು.

ಈಗ ಅನಿಸುತ್ತದೆ, ಆ ಗಾದೆಯೇ ನನ್ನನ್ನು ಬಾಗಿಲ ಹೊರಗೆ ನಿಲ್ಲಿಸಿತ್ತು. ಏನೂ ಬೇಡದವನನ್ನು ಮನೆಗೆ ಕರೆದು ಏನು ಕೊಡುವುದು?

2025ರ ಸೆಪ್ಟೆಂಬರ್‌ನಲ್ಲಿ ಹತ್ತು ದಿನ ರಜೆ ಹಾಕಿದೆ. ಪಶ್ಚಿಮ ಕರಾವಳಿಯ ಗಾಲ್ವೇವರೆಗೆ ರೈಲು. ಅಲ್ಲಿಂದ ಮುಂದೆ ರಸ್ತೆ ಬದಿಯಲ್ಲಿ ಹೆಬ್ಬೆರಳು ಎತ್ತಿ ನಿಲ್ಲುವುದು, ಸಿಕ್ಕ ಕಾರು ಹತ್ತುವುದು. ಕಾನೆಮಾರಾ, ಮೇಯೋ, ಸ್ಲೈಗೋ, ಡೋನಿಗಾಲ್. ರಾತ್ರಿ ಆಯಾ ಊರಿನವರ ಮನೆಯಲ್ಲಿ.

"ತಲೆ ಕೆಟ್ಟಿದೆಯಾ?" ಅಂತ ಗೆಳೆಯರು ಕೇಳಿದರು. ತಪ್ಪಿಲ್ಲ. ಆ ಬೇಸಿಗೆಯಲ್ಲಿ ಡಬ್ಲಿನ್‌ನಲ್ಲಿ ಭಾರತೀಯರ ಮೇಲೆ ಒಂದರ ಹಿಂದೆ ಒಂದು ಹಲ್ಲೆ ನಡೆದಿತ್ತು. ನಿರ್ಜನ ಜಾಗಗಳಿಗೆ, ಅದರಲ್ಲೂ ಹೊತ್ತಲ್ಲದ ಹೊತ್ತಿನಲ್ಲಿ ಹೋಗಬೇಡಿ ಅಂತ ಆಗಸ್ಟ್ 1ರಂದು ನಮ್ಮ ರಾಯಭಾರ ಕಚೇರಿಯೇ ಎಚ್ಚರಿಕೆ ಕೊಟ್ಟಿತ್ತು. ಇಂಡಿಯಾ ಡೇ ಕಾರ್ಯಕ್ರಮವನ್ನೂ ಮುಂದೆ ಹಾಕಿದ್ದರು. ಅಂಥ ಹೊತ್ತಿನಲ್ಲಿ ನಾನು ಹೋಗಿ ನಿಂತದ್ದು ಕುರಿ ಬಿಟ್ಟರೆ ಯಾರೂ ಇಲ್ಲದ ರಸ್ತೆಯಲ್ಲಿ. ಧೈರ್ಯ ಅಂತೇನಲ್ಲ. ಇಷ್ಟು ಹೆದರಿಕೊಂಡು ಇರುವುದಾದರೆ ಯಾರಿಗೆ ಹೆದರುತ್ತಿದ್ದೇನೆ ಅಂತಾದರೂ ಗೊತ್ತಾಗಲಿ ಅನ್ನಿಸಿತು.

ನಿಲ್ಲುವುದರಲ್ಲೂ ಒಂದು ಲೆಕ್ಕ ಇದೆ. ಮೋಟಾರ್‌ವೇ ಮೇಲೆ ನಡೆಯುವುದು, ಕಾರು ನಿಲ್ಲಿಸುವುದು ಕಾನೂನಿಗೆ ವಿರುದ್ಧ, ಹಾಗಾಗಿ ಹಳೇ ರಸ್ತೆಗಳೇ ಗತಿ. ಊರು ಮುಗಿಯುವಲ್ಲಿ, ಗಾಡಿಗಳು ಇನ್ನೂ ವೇಗ ಹಿಡಿಯದ ಕಡೆ ನಿಲ್ಲಬೇಕು. ಮುಂದೆ ಕಾರು ಬದಿಗೆ ಎಳೆಯಲು ಜಾಗ ಇರಬೇಕು. ನಮ್ಮ ಹಾಗೆ ಇಲ್ಲೂ ಎಡಗಡೆಯ ಓಡಾಟ. ಎಷ್ಟೇ ಮಳೆ ಬಂದರೂ ಟೊಪ್ಪಿಗೆ ಮುಖ ಮುಚ್ಚಬಾರದು. ನಂಬರ್ ಪ್ಲೇಟ್ ಓದುವುದೂ ಒಂದು ಆಟ. ಇಲ್ಲಿ ಮೊದಲು ವರ್ಷ, ಆಮೇಲೆ ಜಿಲ್ಲೆಯ ಅಕ್ಷರ. ಗಾಲ್ವೇಗೆ ಜಿ, ಮೇಯೋಗೆ ಎಂಒ, ಡೋನಿಗಾಲ್‌ಗೆ ಡಿಎಲ್. ಕೆಎ 14 ಕಂಡರೆ ಶಿವಮೊಗ್ಗದ್ದು ಅನ್ನುತ್ತೇವಲ್ಲ, ಹಾಗೇ. ಸಂಜೆ ಹೊತ್ತು ಗಾಲ್ವೇ ಕಡೆಯಿಂದ ಎಂಒ ಬಂತು ಅಂದರೆ ಮನೆಗೆ ಹೋಗುತ್ತಿದೆ ಅಂತ ಲೆಕ್ಕ. ಸುಮಾರು ಸಲ ಸರಿಹೋಯಿತು.

ಆದರೆ ಮೊದಲ ಅರ್ಧ ಗಂಟೆ ಕೈಯೇ ಏಳಲಿಲ್ಲ. ತೀರ್ಥಹಳ್ಳಿಯಲ್ಲಿ ಶಾಲೆಗೆ ಹೋಗುವಾಗ ಸಿಕ್ಕ ಸಿಕ್ಕ ಬೈಕಿಗೆ, ಜೀಪಿಗೆ, ಅಡಿಕೆ ತುಂಬಿದ ಗಾಡಿಗೆ ಕೈ ಅಡ್ಡ ಹಿಡಿದವನು ನಾನು. ಆಗ ಇಲ್ಲದ ನಾಚಿಕೆ ಮೂವತ್ತೆಂಟರಲ್ಲಿ ಎಲ್ಲಿಂದ ಬಂತೋ. ಜೇಬಿನಲ್ಲಿ ದುಡ್ಡಿದೆ, ಬಸ್ಸೂ ಇದೆ, ಆದರೂ ಬೇಡುತ್ತಿದ್ದೇನಲ್ಲ ಅನ್ನುವ ಮುಜುಗರ.

ಮೊದಲು ನಿಲ್ಲಿಸಿದವರು ಒಬ್ಬ ಮುದುಕರು. ಹಿಂದಿನ ಸೀಟಿನಲ್ಲಿ ಒದ್ದೆ ನಾಯಿ. ಕ್ಲಿಫ್ಡನ್ ಕಡೆ ಹೋಗುವ ಎನ್59 ರಸ್ತೆ ಅದು, ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಪ್ಪು ನೀರಿನ ಕೆರೆಗಳು. ಎದುರಿಗೆ ಬಂದ ಪ್ರತಿ ಕಾರಿಗೂ ಅವರು ಸ್ಟೀರಿಂಗ್ ಮೇಲಿಂದ ಒಂದೇ ಒಂದು ಬೆರಳು ಎತ್ತುತ್ತಿದ್ದರು. "ಇವರೆಲ್ಲ ನಿಮಗೆ ಗೊತ್ತಾ?" ಅಂದೆ. "ಇಲ್ಲಪ್ಪ," ಅಂದರು. "ಎತ್ತದಿದ್ದರೆ ಯಾರವನು ಅಂತ ಅವರು ಯೋಚನೆ ಮಾಡ್ತಾ ಕೂರ್ತಾರೆ."

ದಾರಿಯಲ್ಲಿ ಬೋರ್ಡುಗಳು ಐರಿಷ್ ಭಾಷೆಗೆ ತಿರುಗಿದವು. ಇಂಗ್ಲಿಷಿನಲ್ಲಿ ಮಾಮ್ ಕ್ರಾಸ್ ಅನ್ನುವ ಊರು ಇಲ್ಲಿ ಆನ್ ಟ್ಯಾಖ್ ಡೋಚೆ. ಹಾಗಂದರೆ ಸುಟ್ಟ ಮನೆ. ನಮ್ಮ ಕಡೆಯ ಊರಿನ ಹೆಸರಿನ ಹಾಗೇ ಇದೆ ಅಲ್ವಾ? ನಿಮ್ಮ ಭಾಷೆಯನ್ನು ಎಷ್ಟು ಜನ ಆಡುತ್ತಾರೆ ಅಂತ ಕೇಳಿದರು. ಕೋಟಿಗಳಲ್ಲಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ಮಳೆಯ ವಿಷಯ ಬಂತು. ಇಲ್ಲಿನ ಗುಡ್ಡಗಳಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರ್ ದಾಟುತ್ತದೆ ಅಂತ ಜಂಬದಿಂದಲೇ ಹೇಳಿದರು. ನಾನು ಆಗುಂಬೆಯ ಏಳು ಸಾವಿರ ಹೇಳಿದೆ, ಅದರಲ್ಲಿ ಹೆಚ್ಚಿನದು ನಾಲ್ಕೇ ತಿಂಗಳಲ್ಲಿ ಅಂತಲೂ ಸೇರಿಸಿದೆ. ಕಾರು ನಿಧಾನವಾಯಿತು. "ನೀನು ಬುರುಡೆ ಬಿಡ್ತಿದ್ದೀಯ," ಅಂದರು. ಫೋನಿನಲ್ಲಿ ತೋರಿಸಿದ ಮೇಲೇ ನಂಬಿದ್ದು.

ಹತ್ತು ದಿನದಲ್ಲಿ ಹದಿನೇಳು ಕಾರು ಹತ್ತಿದೆ. ನಿಲ್ಲಿಸಿದವರಲ್ಲಿ ಹೆಚ್ಚಿನವರು ಐವತ್ತೈದು ದಾಟಿದವರು, ಮತ್ತು ಬಹುತೇಕ ಎಲ್ಲರೂ ಹೇಳಿದ್ದು ಒಂದೇ ಮಾತು: "ನಾನೂ ಹೀಗೇ ಓಡಾಡಿದವನು." 70ರ, 80ರ ದಶಕದಲ್ಲಿ ಕಾಲೇಜಿಗೆ, ಡ್ಯಾನ್ಸಿಗೆ, ಲಂಡನ್ ಹಡಗು ಹಿಡಿಯಲು, ಎಲ್ಲಕ್ಕೂ ಹೆಬ್ಬೆರಳೇ. ಖಾಲಿ ಸೀಟಿನ ದೊಡ್ಡ ಹೊಸ ಕಾರುಗಳು ನಿಲ್ಲಲಿಲ್ಲ. ಐರಿಷರು ಹುಟ್ಟಾ ಅತಿಥಿ ಸತ್ಕಾರದವರು ಅಂತ ಟೂರಿಸಂ ಜಾಹೀರಾತು ಹೇಳುತ್ತದೆ. ಅವರ ಹಳೇ ಬ್ರೆಹನ್ ಕಾನೂನಿನಲ್ಲಿ ಮನೆಗೆ ಬಂದವನಿಗೆ ಊಟ, ಆಸರೆ ಕೊಡದಿರುವುದು ತಪ್ಪೇ ಆಗಿತ್ತು, ಅದಕ್ಕೆ ಪರಿಹಾರ ಕಟ್ಟಬೇಕಿತ್ತು. ಕೇಳಲು ಚೆನ್ನಾಗಿದೆ. ಆದರೆ ನಾನು ಕಂಡದ್ದು ಬೇರೆ. ಒಂದು ಕಾಲದಲ್ಲಿ ತಾನೂ ಮಳೆಯಲ್ಲಿ ನಿಂತವನು ನಿಲ್ಲಿಸುತ್ತಾನೆ. ಇದಕ್ಕೆ ರಕ್ತ, ಸಂಸ್ಕೃತಿ ಅಂತೆಲ್ಲ ಹೇಳಬೇಕಾಗಿಲ್ಲ.

ಬಲಿನಾ ಹತ್ತಿರ ಒಂದು ವ್ಯಾನಿನಲ್ಲಿ ಹೋಗುತ್ತಿದ್ದ ಹುಡುಗರು ಕಿಟಕಿ ಇಳಿಸಿ ನಿನ್ನ ದೇಶಕ್ಕೆ ಹೋಗು ಅಂತ ಕೂಗಿದರು. ಅದೂ ಆಯಿತು. ಬಿಟ್ಟು ಬರೆದರೆ ಸುಳ್ಳಾಗುತ್ತದೆ. ಇನ್ನೊಂದು ಮಾತು, ನಾನು ಗಂಡಸಾದ್ದರಿಂದ ಇದನ್ನೆಲ್ಲ ಇಷ್ಟು ಸಲೀಸಾಗಿ ಬರೆಯುತ್ತಿದ್ದೇನೆ. 90ರ ದಶಕದಲ್ಲಿ ಪೂರ್ವದ ಲೆನ್‌ಸ್ಟರ್ ಕಡೆ ಹಲವು ಹೆಂಗಸರು ಕಾಣೆಯಾದ ಮೇಲೆ ಮಗಳಿಗೆ ಲಿಫ್ಟ್ ಕೇಳಬೇಡ ಅಂತ ಹೇಳಿದೆವು ಅಂತ ಒಬ್ಬ ತಾಯಿ ಕಾರಿನಲ್ಲೇ ನನಗೆ ಹೇಳಿದರು. ಒಂಟಿಯಾಗಿ ಹೋಗು ಅಂತ ತಂಗಿಗೆ ನಾನೂ ಹೇಳಲಾರೆ.

ಇನ್ನು ಮನೆಗಳು. 1949ರಲ್ಲಿ ಶುರುವಾದ ಸರ್ವಾಸ್‌ನಿಂದ ಹಿಡಿದು ಕೌಚ್‌ಸರ್ಫಿಂಗ್, ಬೀವೆಲ್‌ಕಮ್ ತನಕ, ಗುರುತಿಲ್ಲದವರ ಮನೆಯಲ್ಲಿ ದುಡ್ಡಿಲ್ಲದೆ ಉಳಿಯಲು ಜಾಲಗಳಿವೆ. ಪರಿಚಯ ಬರೆದು ಕೇಳಬೇಕು. ಕೌಚ್‌ಸರ್ಫಿಂಗ್ 2020ರಲ್ಲಿ ಚಂದಾ ಇಟ್ಟ ಮೇಲೆ ಹಳಬರು ಸುಮಾರು ಜನ ಬಿಟ್ಟು ಹೋದರು. ನನ್ನ ತಕರಾರು ಚಂದಾದ ಬಗ್ಗೆ ಅಲ್ಲ, ರಿವ್ಯೂ ಬಗ್ಗೆ. ಉಂಡ ಮನೆಗೆ ಸ್ಟಾರ್ ಕೊಡುವುದು ನನಗೆ ಇವತ್ತಿಗೂ ಒಗ್ಗಿಲ್ಲ. ಇದನ್ನು ಬಿಟ್ಟಿ ಲಾಡ್ಜ್ ಅಂದುಕೊಂಡು ಬರುವವರೂ ಇದ್ದಾರೆ. ಬ್ಯಾಗ್ ಇಟ್ಟು, ವೈಫೈ ಪಾಸ್‌ವರ್ಡ್ ಕೇಳಿ, ಬೆಳಿಗ್ಗೆ ಮಾಯ.

ನಾನೂ ಒಳ್ಳೆಯ ಅತಿಥಿ ಆಗಿರಲಿಲ್ಲ ಬಿಡಿ. ವೆಸ್ಟ್‌ಪೋರ್ಟ್ ಹತ್ತಿರದ ಮನೆಗೆ ಆರು ಗಂಟೆಗೆ ಬರುತ್ತೇನೆ ಅಂದವನು ಮುಟ್ಟಿದ್ದು ಒಂಬತ್ತಕ್ಕೆ. ಲೀನಾನ್‌ನಲ್ಲಿ ಎರಡು ಗಂಟೆ ಯಾರೂ ನಿಲ್ಲಿಸಲಿಲ್ಲ. ಹಸಿವು ತಡೆಯದೆ ಚಿಪ್ಸ್ ತಿಂದಿದ್ದೆ. ಹೋಗಿ ನೋಡಿದರೆ ಆಕೆ, ನಿವೃತ್ತ ನರ್ಸ್, ನಾನು ಸಸ್ಯಾಹಾರಿ ಅಂತ ಪೇಟೆಗೆ ಹೋಗಿ ಏನೇನೋ ತಂದು ಅಡುಗೆ ಮಾಡಿ, ತಾನೂ ಉಣ್ಣದೆ ಕೂತಿದ್ದರು. "ನನ್ನದು ಆಯಿತು" ಅಂತ ಬಾಯಿಗೆ ಬಂತು. ಅಮ್ಮ ನೆನಪಾದಳು. ಉಂಡು ಬಂದೆ ಅನ್ನುವ ನೆಂಟನನ್ನು ಅವಳು ಎಷ್ಟು ದಿನ ಆಡಿಕೊಳ್ಳುತ್ತಾಳೆ ಅಂತ ನನಗೆ ಗೊತ್ತು. ಮಾತು ನುಂಗಿದೆ, ಊಟವನ್ನೂ ನುಂಗಿದೆ.

ಚಹಾದ ವಿಷಯದಲ್ಲಿ ನಾವೂ ಅವರೂ ಒಂದೇ. ಬೇಡ ಅನ್ನಬೇಕು. ಮತ್ತೆ ಕೇಳುತ್ತಾರೆ, ಈಗಷ್ಟೇ ಆಯಿತು ಅನ್ನಬೇಕು. ಅಷ್ಟರಲ್ಲಿ ಕೆಟಲ್ ಕುದಿಯುತ್ತಿರುತ್ತದೆ. ಮೊದಲ ಸಲಕ್ಕೇ ಹೂಂ ಅಂದರೆ ಇಬ್ಬರಿಗೂ ಆಟದ ಮಜಾ ಹೋಗುತ್ತದೆ. ಆಮೇಲೆ ಗ್ರ್ಯಾಂಡ್ ಅನ್ನುವ ಪದ. ನಮ್ಮಲ್ಲಿ ಗ್ರ್ಯಾಂಡ್ ಅಂದರೆ ಮದುವೆ, ಐನೂರು ಎಲೆ. ಇಲ್ಲಿ ಗ್ರ್ಯಾಂಡ್ ಅಂದರೆ ಪರವಾಗಿಲ್ಲ, ಅಷ್ಟೇ. ತಡವಾಗಿ ಬಂದದ್ದಕ್ಕೆ ನಾನು ಐದು ಸಲ ಕ್ಷಮೆ ಕೇಳಿದೆ, ಐದು ಸಲವೂ ಗ್ರ್ಯಾಂಡ್ ಅಂದರು.

ನನಗೆ ಕೊಟ್ಟ ಕೋಣೆ ಅವರ ಮಗನದು. ಅವನು ಪರ್ತ್‌ನಲ್ಲಿದ್ದಾನೆ. ಗೋಡೆಯ ಮೇಲೆ ಮೇಯೋ ತಂಡದ ಹಸಿರು ಕೆಂಪು ಜೆರ್ಸಿ. ಗೇಲಿಕ್ ಫುಟ್‌ಬಾಲಿನಲ್ಲಿ ಮೇಯೋ ಆಲ್ ಐರ್ಲೆಂಡ್, ಅಂದರೆ ದೇಶದ ಚಾಂಪಿಯನ್‌ಶಿಪ್, ಗೆದ್ದದ್ದು 1951ರಲ್ಲಿ, ಆಮೇಲೆ ಇಲ್ಲ. ನಮ್ಮ ಆರ್‌ಸಿಬಿ ಹದಿನೆಂಟು ವರ್ಷ ಕಾದು ಗೆದ್ದ ಕತೆ ಹೇಳಿ ಸಮಾಧಾನ ಮಾಡಲು ಹೋದೆ. ಹದಿನೆಂಟೇ ಅಂತ ನಕ್ಕರು. ಆ ರಾತ್ರಿ ಅಮ್ಮ ಫೋನ್ ಮಾಡಿದಳು. "ಯಾರ ಮನೇಲಿದ್ದೀಯೋ? ನಮ್ಮವರಾ?" "ಅಲ್ಲಮ್ಮ, ಗುರುತಿನವರಲ್ಲ." "ಅವರ ಮಕ್ಕಳೆಲ್ಲಿ?" "ಆಸ್ಟ್ರೇಲಿಯಾದಲ್ಲಿ." ಅಮ್ಮ ಮುಂದೆ ಕೇಳಲಿಲ್ಲ. ಊರಿನಲ್ಲಿ ನನ್ನ ಕೋಣೆಯೂ ಹಾಗೇ ಇದೆ.

ಮಾರನೇ ದಿನ ಟರ್ಫ್ ಮನೆಗೆ ತರುವ ಕೆಲಸ. ಕ್ರಿಕೆಟ್ ಟರ್ಫ್ ಅಲ್ಲ. ಜೌಗು ನೆಲವನ್ನು ಇಟ್ಟಿಗೆಯ ಹಾಗೆ ಕೊಯ್ದು ಬೇಸಿಗೆಯಲ್ಲಿ ಒಣಗಿಸಿ ಚಳಿಗಾಲಕ್ಕೆ ಒಲೆಗೆ ಹಾಕುತ್ತಾರೆ. ಪಕ್ಕದ ಮನೆಯವರು ಟ್ರೇಲರ್ ತಂದರು. ನಾನೂ ಕೈ ಹಾಕಿದೆ. ಮಳೆಗಾಲಕ್ಕೆ ಮುಂಚೆ ಕೊಟ್ಟಿಗೆಯಲ್ಲಿ ಸೌದೆ ಒಟ್ಟಿದ ಕೈ ಅಲ್ವಾ, ಮರೆತಿರಲಿಲ್ಲ. ಸಾಲು ಸರಿಯಾಗಿ ಕೂತದ್ದು ನೋಡಿ ಪಕ್ಕದ ಮನೆಯವರು "ಇವನು ಕಂಪ್ಯೂಟರ್‌ನವನಲ್ಲ" ಅಂದರು. ಟರ್ಫ್ ಸುಡುವುದು ಹವಾಮಾನಕ್ಕೆ ಕೆಟ್ಟದ್ದು, ಸರ್ಕಾರಿ ಕಂಪನಿ ಬೋರ್ಡ್ ನ ಮೋನಾ 2021ರಲ್ಲೇ ಪೀಟ್, ಅಂದರೆ ಈ ಜೌಗು ಮಣ್ಣು, ತೆಗೆಯುವುದನ್ನು ಬಿಟ್ಟಿದೆ, ಎಲ್ಲ ಗೊತ್ತು. ಆದರೂ ಆ ಸಂಜೆ ಆ ಹೊಗೆಯ ವಾಸನೆಯಲ್ಲಿ ಕೂತು ನಾನು ಹವಾಮಾನದ ಬಗ್ಗೆ ತುಟಿ ಬಿಚ್ಚಲಿಲ್ಲ.

ಕೊನೆಯ ದಿನ ಲೆಟರ್‌ಕೆನ್ನಿಯಲ್ಲಿದ್ದೆ. ನಿಂತು ಐದೇ ನಿಮಿಷಕ್ಕೆ ಒಂದು ಕಾರು. "ಎಲ್ಲಿಗೆ?" "ಡಬ್ಲಿನ್." "ನಾನೂ ಅಲ್ಲಿಗೇ, ಹತ್ತು." ಇಂಥ ಅದೃಷ್ಟ ಹತ್ತು ದಿನದಲ್ಲಿ ಸಿಕ್ಕಿರಲಿಲ್ಲ. ಬೆಲ್ಟ್ ಹಾಕಿದ ಮೇಲೆ ಹೊಳೆಯಿತು. ಇಲ್ಲಿಂದ ಡಬ್ಲಿನ್‌ಗೆ ನೇರ ದಾರಿ ಸ್ಟ್ರಬೇನ್, ಓಮಾ ಮೇಲೆ. ಅದು ನಾರ್ದರ್ನ್ ಐರ್ಲೆಂಡ್, ಅಂದರೆ ಬ್ರಿಟನ್. ಗೇಟಿಲ್ಲ, ಪೊಲೀಸರಿಲ್ಲ. ರಸ್ತೆ ಅಂಚಿನ ಹಳದಿ ಗೆರೆ ಬಿಳಿಯಾಗುತ್ತದೆ, ಕಿಲೋಮೀಟರ್ ಮೈಲಿಯಾಗುತ್ತದೆ. ಅವರಿಗೆ ಅಷ್ಟೇ. ಐರ್ಲೆಂಡಿನ ರೆಸಿಡೆನ್ಸ್ ಕಾರ್ಡ್ ಇರುವ ನಮ್ಮಂಥವರಿಗೆ ಅಲ್ಲಿಗೆ ಬ್ರಿಟನ್ ವೀಸಾ ಬೇಕು. ನನ್ನ ಹತ್ತಿರ ಇರಲಿಲ್ಲ.

ಇಳಿಯಬೇಕು ಅಂದೆ. ಕಾರಣ ಹೇಳಲು ನಾಲಿಗೆ ತಡವರಿಸಿತು. ಅವರಿಗೆ ಅರವತ್ತರ ಮೇಲಾಗಿತ್ತು. ನಾರ್ದರ್ನ್ ಐರ್ಲೆಂಡಿನ ಗಲಭೆಯ ಕಾಲದಲ್ಲಿ ಇದೇ ದಾರಿಯಲ್ಲಿ ಸೈನಿಕರ ಚೆಕ್‌ಪೋಸ್ಟ್ ದಾಟಿದವರು. "ಯಾರೂ ನೋಡಲ್ಲ ಮಾರಾಯ," ಅಂದರು. ನೋಡಿದರೆ ನನ್ನ ಕೆಲಸ, ಕಾರ್ಡ್ ಎಲ್ಲ ಹೋಗಬಹುದು ಅಂದೆ. ಇಷ್ಟು ವರ್ಷ ಅದೇ ಗಡಿಯ ಪಕ್ಕದಲ್ಲಿದ್ದು ಈ ವಿಷಯ ಅವರಿಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಮುಂದೆ ನೋಡುತ್ತಾ ಕೂತರು. ಬಯ್ಗುಳದ ಪದ ಒಂದು ಬಂತು, ಅದು ನನಗಲ್ಲ.

ಆಮೇಲೆ ಫೋನ್ ತೆಗೆದರು. ಒಬ್ಬರಿಗೆ ಮಾಡಿದರು, ಅವರು ಇನ್ನೊಬ್ಬರ ಹೆಸರು ಹೇಳಿದರು. ಇಲ್ಲಿನವರು ಫೋನ್ ಇಡುವಾಗ ಹೇಳುವ ಬೈ ಬೈ ಬೈ ಬೈ ಮೂರು ಸಲ ಕೇಳಿಸಿತು. "ಪೆಟ್ರೋಲ್ ಬಂಕಿನ ಹತ್ತಿರ ನಿಲ್ಲು," ಅಂತ ಇಳಿಸಿ ಹೋದರು. ಮುಕ್ಕಾಲು ಗಂಟೆ ಕಳೆದ ಮೇಲೆ ಸ್ಲೈಗೋ ನಂಬರಿನ ಒಂದು ಸಣ್ಣ ಕಾರು ಬಂದು ನಿಂತಿತು. ಹೆಬ್ಬೆರಳು ಎತ್ತಿರಲಿಲ್ಲ. ಕಿಟಕಿ ಇಳಿಯಿತು.

"ಬಾರ್ಡರ್ ದಾಟೋ ಹಾಗಿಲ್ಲದ ಹುಡುಗ ನೀನೇನಾ?"

ಹೌದು ಅಂದೆ.