ಹಲ್ಲು ನೇರ ಮಾಡಿಸೋಕೆ ಲೋಹದ ಕ್ಲಿಪ್ ಬದಲು ಅಲೈನರ್ ಹಾಕಿಸಬಹುದಾ? ಪರ-ವಿರೋಧ

ಪರ: ದೊಡ್ಡವರಿಗೆ ಇದು ಒಳ್ಳೆಯ ದಾರಿ

ತುಮಕೂರಿನಲ್ಲಿ ಹಲ್ಲಿಗೆ ಕ್ಲಿಪ್ ಹಾಕಿಸೋದು ಅಂದರೆ ಇವತ್ತಿಗೂ ಹೈಸ್ಕೂಲ್ ಮಕ್ಕಳ ವಿಷಯ ಅಂತಲೇ ಜನ ತಿಳಿದಿದ್ದಾರೆ. ಕೆಲಸಕ್ಕೆ ಸೇರಿದ ಮೇಲೆ, ಮದುವೆಯಾಗಿ ಮಕ್ಕಳಾದ ಮೇಲೆ ಯಾರಾದರೂ ಹಲ್ಲು ಸರಿ ಮಾಡಿಸಿಕೊಳ್ಳುತ್ತೇನೆ ಅಂದರೆ "ಈ ವಯಸ್ಸಲ್ಲಿ ತಂತಿ ಯಾಕೆ ನಿಂಗೆ?" ಅನ್ನೋ ಪ್ರಶ್ನೆ ಮನೆಯಿಂದಲೇ ಶುರುವಾಗುತ್ತದೆ. ಆದರೆ ಹಲ್ಲು ಸರಿಸೋಕೆ ವಯಸ್ಸು ಅಡ್ಡಿಯಲ್ಲ. ಒಸಡು ಮತ್ತು ಮೂಳೆ ಆರೋಗ್ಯವಾಗಿದ್ದರೆ ನಲವತ್ತರಲ್ಲೂ ಹಲ್ಲು ಸರಿಯುತ್ತದೆ. ಸಣ್ಣ ಒತ್ತಡ ಬಿಡದೆ ಬೀಳುತ್ತಿದ್ದರೆ ಹಲ್ಲಿನ ಒಂದು ಪಕ್ಕದ ಮೂಳೆ ಕರಗುತ್ತದೆ, ಇನ್ನೊಂದು ಪಕ್ಕ ಹೊಸ ಮೂಳೆ ಕಟ್ಟಿಕೊಳ್ಳುತ್ತದೆ, ಹಲ್ಲು ನಿಧಾನವಾಗಿ ಜಾಗ ಬದಲಿಸುತ್ತದೆ. ತಂತಿ ಮಾಡೋದೂ ಇದನ್ನೇ, ಅಲೈನರ್ ಮಾಡೋದೂ ಇದನ್ನೇ.

ಅಲೈನರ್ ಅಂದರೆ ಹಲ್ಲಿನ ಸಾಲಿಗೆ ಸರಿಯಾಗಿ ಕೂರುವ ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಕವಚ. ಬಾಯಿಯನ್ನು ಸ್ಕ್ಯಾನ್ ಮಾಡಿ, ಯಾವ ಹಲ್ಲು ಎಲ್ಲಿಗೆ ಹೋಗಬೇಕು ಅಂತ ಕಂಪ್ಯೂಟರಿನಲ್ಲಿ ಯೋಜನೆ ಹಾಕಿ, ಅದರಂತೆ ಸಾಲು ಸಾಲು ಕವಚ ತಯಾರಿಸುತ್ತಾರೆ. ಒಂದೊಂದು ಕವಚ ಹಲ್ಲನ್ನು ಸುಮಾರು ಕಾಲು ಮಿಲಿಮೀಟರ್ ಸರಿಸುತ್ತದೆ. ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಹೊಸದು ಹಾಕಿಕೊಳ್ಳಬೇಕು. 1997ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಅಲೈನ್ ಟೆಕ್ನಾಲಜಿ ಕಂಪನಿ ಇನ್ವಿಸಲೈನ್ ಹೆಸರಲ್ಲಿ ಇದನ್ನು ಜನಪ್ರಿಯ ಮಾಡಿತು. ಈಗ ನಮ್ಮ ದೇಶದಲ್ಲೇ ತಯಾರಿಸುವವರೂ ಇದ್ದಾರೆ.

ಕಾಣಿಸೋದಿಲ್ಲ ಅನ್ನೋದೇ ಇದರ ದೊಡ್ಡ ಲಾಭ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ದೊಡ್ಡ ಲಾಭ ಹಲ್ಲುಜ್ಜೋದರಲ್ಲಿದೆ. ಮುದ್ದೆ, ಸೊಪ್ಪಿನ ಸಾರು ಉಂಡು ಎದ್ದರೆ ತಂತಿಯ ಸಂದಿಯಲ್ಲೆಲ್ಲ ಸೊಪ್ಪು ಸಿಕ್ಕಿಕೊಂಡಿರುತ್ತದೆ. ಸರಿಯಾಗಿ ಉಜ್ಜದೆ ಬಿಟ್ಟರೆ ಒಸಡು ಊದುತ್ತದೆ, ಬ್ರ್ಯಾಕೆಟ್ (ತಂತಿ ಹಿಡಿದಿಡೋಕೆ ಹಲ್ಲಿಗೆ ಅಂಟಿಸುವ ಸಣ್ಣ ತುಂಡು) ಸುತ್ತ ಹಲ್ಲಿನ ಮೇಲೆ ಬಿಳಿ ಕಲೆ ಬೀಳುತ್ತದೆ. ಒಂದೂವರೆ ಎರಡು ವರ್ಷ ಕಾದು ತಂತಿ ಬಿಚ್ಚಿಸಿದಾಗ ನೇರವಾದ ಹಲ್ಲಿನ ಮೇಲೆ ಚೌಕಾಕಾರದ ಕಲೆ ಕಂಡರೆ ಎಷ್ಟು ಬೇಜಾರಾಗುತ್ತದೆ ಅಲ್ವಾ? ಅಲೈನರ್ ಆದರೆ ತೆಗೆದಿಟ್ಟು ಊಟ ಮಾಡಿ, ಎಂದಿನಂತೆ ಉಜ್ಜಿ, ಮತ್ತೆ ಹಾಕಿಕೊಳ್ಳಬಹುದು.

ನಮ್ಮ ಜಿಲ್ಲೆಗೆ ಇನ್ನೊಂದು ವಿಷಯ ಸೇರುತ್ತದೆ. ಪಾವಗಡ, ಮಧುಗಿರಿ, ಶಿರಾ ಕಡೆಯ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ಮಿತಿ ಮೀರಿದ ನೀರನ್ನು ಚಿಕ್ಕಂದಿನಿಂದ ಕುಡಿದವರ ಹಲ್ಲಿನಲ್ಲಿ ಮೊದಲೇ ಕಲೆ ಇರುತ್ತದೆ. ಕೋಲಾರ, ಬಾಗೇಪಲ್ಲಿ ಕಡೆಯವರಿಗೂ ಇದು ಗೊತ್ತಿರೋ ಕಷ್ಟ. ಅಂಥ ಹಲ್ಲಿನ ಮೇಲೆ ಬ್ರ್ಯಾಕೆಟ್ ಅಂಟು ಗಟ್ಟಿಯಾಗಿ ಹಿಡಿಯೋದು ಕಷ್ಟ, ಪದೇ ಪದೇ ಕಿತ್ತು ಬರುತ್ತದೆ, ಕಿತ್ತಾಗಲೆಲ್ಲ ಡಾಕ್ಟರ ಹತ್ತಿರ ಓಡಬೇಕು. ಅಲೈನರಿಗೂ ಕೆಲವು ಹಲ್ಲಿನ ಮೇಲೆ ಹಲ್ಲಿನದೇ ಬಣ್ಣದ ಸಣ್ಣ ಉಬ್ಬು ಅಂಟಿಸುತ್ತಾರೆ, ನಿಜ. ಆದರೆ ಎಲ್ಲ ಹಲ್ಲಿಗೂ ಬೇಕಾಗೋದಿಲ್ಲ.

ತಿನ್ನೋದರಲ್ಲೂ ಅಷ್ಟೇ. ತಂತಿ ಇದ್ದರೆ ತಿಪಟೂರಿನ ಕೊಬ್ಬರಿ, ಸಂಕ್ರಾಂತಿಯ ಕಬ್ಬು, ನಿಪ್ಪಟ್ಟು ಎಲ್ಲವೂ ದೂರ. ದಿನಾ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಬರುವವರಿಗೆ ನಾಲ್ಕರಿಂದ ಆರು ವಾರಕ್ಕೊಮ್ಮೆ ತಂತಿ ಬಿಗಿ ಮಾಡಿಸೋಕೆ ರಜೆ ಸಿಗೋದೂ ಸುಲಭವಲ್ಲ. ಅಲೈನರಿನಲ್ಲಿ ಮುಂದಿನ ಕೆಲವು ಕವಚಗಳನ್ನು ಒಟ್ಟಿಗೆ ಕೊಟ್ಟು ಕಳಿಸುತ್ತಾರೆ, ಕೆನ್ನೆಗೆ ತಂತಿ ಚುಚ್ಚುವ ಕಾಟವೂ ಇಲ್ಲ. ನಾಗಸ್ವರ, ಕ್ಲಾರಿನೆಟ್ ನುಡಿಸುವವರನ್ನೂ ನೆನೆಯಿರಿ. ತುಟಿಯನ್ನು ಹಲ್ಲಿಗೆ ಒತ್ತಿ ಗಂಟೆಗಟ್ಟಲೆ ಊದುವವರಿಗೆ ಹಲ್ಲಿನ ಮೇಲೆ ಲೋಹ ಇದ್ದರೆ ತುಟಿ ಒಳಗೆಲ್ಲ ಗಾಯವಾಗುತ್ತದೆ.

ದುಡ್ಡು ಜಾಸ್ತಿ, ಒಪ್ಪುತ್ತೇನೆ. ಆದರೆ ತಂತಿಗೆ ಹೆದರಿ ಎಷ್ಟೋ ವರ್ಷ ಬಾಯಿಗೆ ಕೈ ಅಡ್ಡ ಹಿಡಿದೇ ನಗುತ್ತಿದ್ದವರು ಈಗಲಾದರೂ ಡಾಕ್ಟರ ಹತ್ತಿರ ಹೋಗುತ್ತಿದ್ದಾರೆ. ಆ ಕಾರಣಕ್ಕೇ ನಾನು ಇದರ ಪರ.

ವಿರೋಧ: ತಂತಿಯನ್ನು ಇಷ್ಟು ಬೇಗ ಬಿಡಬೇಡಿ

ಮೇಲಿನ ಬರಹದಲ್ಲಿ ತಪ್ಪು ಮಾಹಿತಿ ಇಲ್ಲ. ಆದರೆ ಒಂದು ಅಂಕಿ ಬಿಟ್ಟು ಹೋಗಿದೆ, ಅದೇ ಮುಖ್ಯವಾದದ್ದು. ಅಲೈನರನ್ನು ದಿನಕ್ಕೆ 20ರಿಂದ 22 ಗಂಟೆ ಹಾಕಿಕೊಂಡಿರಬೇಕು. 22 ಗಂಟೆ ಅಂದರೆ ತಿನ್ನೋದು, ಕುಡಿಯೋದು, ಉಜ್ಜೋದು ಎಲ್ಲ ಸೇರಿ ಬರೀ ಎರಡು ಗಂಟೆಯಲ್ಲಿ ಮುಗಿಯಬೇಕು.

ಈಗ ನಮ್ಮ ದಿನಚರಿ ನೋಡಿ. ಎದ್ದ ತಕ್ಷಣ ಕಾಫಿ. ಆಮೇಲೆ ತಿಂಡಿ. ಹನ್ನೊಂದಕ್ಕೆ ಟೀ, ಮಧ್ಯಾಹ್ನ ಊಟ, ನಾಲ್ಕಕ್ಕೆ ಮತ್ತೆ ಟೀ, ಸಂಜೆ ಕಡ್ಲೆಪುರಿಯೋ ಬೋಂಡಾನೋ, ರಾತ್ರಿ ಮುದ್ದೆ. ಯಾರಾದರೂ ನೆಂಟರು ಬಂದರೆ ಇನ್ನೊಂದು ಲೋಟ ಕಾಫಿ. ಬಿಸಿ ಕಾಫಿ ಟೀ ಕವಚ ಹಾಕಿಕೊಂಡೇ ಕುಡಿಯೋ ಹಾಗಿಲ್ಲ, ಬಿಸಿಗೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಕಲೆಯೂ ಹಿಡಿಯುತ್ತದೆ, ಸಕ್ಕರೆ ಕವಚದೊಳಗೆ ಹಲ್ಲಿಗೆ ಅಂಟಿಕೊಂಡೇ ಕೂತು ಹುಳುಕಿಗೆ ದಾರಿ ಮಾಡುತ್ತದೆ. ಹಾಗಾಗಿ ಪ್ರತಿ ಸಲ ತೆಗೆಯಬೇಕು, ಬಾಯಿ ತೊಳೆಯಬೇಕು, ಮತ್ತೆ ಹಾಕಬೇಕು. ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಹತ್ತು ನಿಮಿಷದ ಟೀ ಬ್ರೇಕ್‌ನಲ್ಲಿ, ಕಿಕ್ಕಿರಿದ ರೈಲಿನಲ್ಲಿ ಇದನ್ನು ಯಾರು ಮಾಡುತ್ತಾರೆ? ಮೊದಲ ತಿಂಗಳು ಮಾಡುತ್ತಾರೆ. ಆಮೇಲೆ ಒಂದು ಹೊತ್ತು ಬಿಟ್ಟು ಹೋಗುತ್ತದೆ, ಮಾರನೇ ದಿನ ಎರಡು ಹೊತ್ತು. ಹಲ್ಲು ಅಂದುಕೊಂಡಷ್ಟು ಸರಿದಿರೋದಿಲ್ಲ, ಮುಂದಿನ ಕವಚ ಕೂರೋದಿಲ್ಲ, ಮತ್ತೆ ಸ್ಕ್ಯಾನ್, ಮತ್ತೆ ಹೊಸ ಕವಚ. ಮಕ್ಕಳ ವಿಷಯದಲ್ಲಂತೂ ಇದು ಇನ್ನೂ ಕಷ್ಟ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನೋಕೆ ಅಂತ ಕವಚ ತೆಗೆದು ಟಿಶ್ಯೂನಲ್ಲಿ ಸುತ್ತಿಟ್ಟ ಹುಡುಗ ಅದನ್ನು ಅಲ್ಲೇ ಮರೆತು ಬರುತ್ತಾನೆ. ತಂತಿಯನ್ನು ಮರೆತು ಬರೋಕೆ ಆಗೋದಿಲ್ಲ, ಅದು ಮಲಗಿದಾಗಲೂ ಕೆಲಸ ಮಾಡುತ್ತಲೇ ಇರುತ್ತದೆ.

ಎರಡನೆಯದು, ಎಲ್ಲ ಬಾಯಿಯೂ ಒಂದೇ ತರ ಇರೋದಿಲ್ಲ. ಸ್ವಲ್ಪ ಸಂದಿ ಇದೆ, ಮುಂದಿನ ಒಂದೆರಡು ಹಲ್ಲು ಸೊಟ್ಟ ಇದೆ ಅಂದರೆ ಅಲೈನರ್ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಮೇಲಿನ ಸಾಲು, ಕೆಳಗಿನ ಸಾಲು ಎರಡೂ ಮುಂದಕ್ಕೆ ಬಂದಿರೋದು ನಮ್ಮ ಕಡೆ ಸಾಮಾನ್ಯ. ಅಂಥವರಿಗೆ ಎಷ್ಟೋ ಸಲ ಕೋರೆಹಲ್ಲಿನ ಹಿಂದಿನ ನಾಲ್ಕು ಹಲ್ಲು ಕೀಳಿಸಿ, ಆ ಜಾಗಕ್ಕೆ ಮುಂದಿನ ಹಲ್ಲುಗಳನ್ನು ಹಿಂದೆ ಎಳೆಯಬೇಕಾಗುತ್ತದೆ. ಇಷ್ಟು ದೂರ ಎಳೆಯುವಾಗ ಹಲ್ಲು ಬೇರು ಸಮೇತ ಹಿಂದೆ ಬರಬೇಕು, ಮೇಲ್ಭಾಗ ಮಾತ್ರ ಬಾಗಬಾರದು. ಆ ಹಿಡಿತ ತಂತಿಯಲ್ಲಿ ಜಾಸ್ತಿ. ದುಂಡಗಿನ ಹಲ್ಲು ತಿರುಗಿಕೊಂಡಿದ್ದರೆ ನುಣ್ಣಗಿನ ಪ್ಲಾಸ್ಟಿಕ್ಕಿಗೆ ಅದನ್ನು ಹಿಡಿದು ತಿರುಗಿಸೋದು ಕಷ್ಟ, ಸಾಲಿಗೆ ಇಳಿಯದೆ ಮೇಲೇ ಉಳಿದ ಹಲ್ಲನ್ನು ಕೆಳಗೆ ಎಳೆಯೋದೂ ಹಾಗೇ. ಅನುಭವ ಇರೋ ಡಾಕ್ಟರು ಅಲೈನರಿನಲ್ಲೂ ಮಾಡಿಸುತ್ತಾರೆ, ಆದರೆ ಹಲ್ಲಿನ ಮೇಲೆ ಉಬ್ಬುಗಳು, ರಬ್ಬರ್ ಬ್ಯಾಂಡುಗಳು ಸೇರಿಕೊಳ್ಳುತ್ತವೆ, ಆಗ ಕಾಣಿಸೋದಿಲ್ಲ ಅನ್ನೋ ಮಾತೂ ಪೂರ್ತಿ ಉಳಿಯೋದಿಲ್ಲ. ಫ್ಲೋರೈಡ್ ಹಲ್ಲಿನ ಮೇಲೆ ಆ ಉಬ್ಬುಗಳೂ ಕಿತ್ತು ಬರುತ್ತವೆ. ಬ್ರ್ಯಾಕೆಟ್ ನಿಲ್ಲಿಸೋಕೆ ಡಾಕ್ಟರ ಹತ್ತಿರ ಉಪಾಯಗಳಿವೆ, ಅಂಟಿಸುವ ಮುಂಚೆ ಮೇಲ್ಪದರವನ್ನು ಸ್ವಲ್ಪ ಉಜ್ಜಿ, ಅಂಟು ಹಿಡಿಯಲಿ ಅಂತ ಹಲ್ಲಿಗೆ ಹಚ್ಚುವ ಆಮ್ಲವನ್ನು ಇನ್ನಷ್ಟು ಹೊತ್ತು ಬಿಡುತ್ತಾರೆ.

ಬೇರೆ ಪರ್ಯಾಯಗಳ ಬಗ್ಗೆ ಎರಡು ಮಾತು. ಸೆರಾಮಿಕ್ ಬ್ರ್ಯಾಕೆಟ್ ಹಲ್ಲಿನ ಬಣ್ಣದಲ್ಲೇ ಇರುತ್ತದೆ, ಆದರೆ ಒಡೆಯೋದು ಬೇಗ, ಅದಕ್ಕೆ ಹಾಕುವ ಬಿಳಿ ರಬ್ಬರ್ ನಮ್ಮ ಅರಿಶಿನದ ಸಾರಿಗೆ ಹಳದಿಯಾಗುತ್ತದೆ. ಹಲ್ಲಿನ ಹಿಂಭಾಗಕ್ಕೆ ಹಾಕುವ ಲಿಂಗುವಲ್ ಕ್ಲಿಪ್ ಹೊರಗೆ ಕಾಣೋದೇ ಇಲ್ಲ, ಆದರೆ ನಾಲಿಗೆಗೆ ತಾಗುತ್ತದೆ, ಶುರುವಿನಲ್ಲಿ ಮಾತು ತೊದಲುತ್ತದೆ, ಖರ್ಚೂ ಜಾಸ್ತಿ.

ನನಗೆ ಎಲ್ಲಕ್ಕಿಂತ ಹೆದರಿಕೆ ಇರೋದು ಅಲೈನರನ್ನು ಮಾರುವ ರೀತಿಯಲ್ಲಿ. ಕಂತಿನಲ್ಲಿ ಕಟ್ಟಿ, ಮನೆಗೇ ಬಂದು ಸ್ಕ್ಯಾನ್ ಮಾಡುತ್ತೇವೆ ಅನ್ನೋ ಜಾಹೀರಾತು ಫೋನಿನಲ್ಲಿ ತುಂಬಿದೆ. ಹಲ್ಲು ಸರಿಸೋದು ಮೂಳೆಯೊಳಗಿನ ಕೆಲಸ. ಬೇರು ಹೇಗಿದೆ, ಮೂಳೆ ಎಷ್ಟಿದೆ ಅಂತ ಎಕ್ಸ್‌ರೇ ತೆಗೆಸಿ ನೋಡದೆ ಶುರು ಮಾಡಿದರೆ ಗಟ್ಟಿಯಾಗಿದ್ದ ಹಲ್ಲೂ ಅಲ್ಲಾಡೋಕೆ ಶುರುವಾಗಬಹುದು. ಅಮೆರಿಕದಲ್ಲಿ ಅಂಚೆಯಲ್ಲೇ ಅಲೈನರ್ ಕಳಿಸುತ್ತಿದ್ದ ಸ್ಮೈಲ್‌ಡೈರೆಕ್ಟ್‌ಕ್ಲಬ್ ಅನ್ನೋ ದೊಡ್ಡ ಕಂಪನಿ 2023ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು, ಅರ್ಧ ಸರಿದ ಹಲ್ಲಿನ ಜನ ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗದೆ ನಿಂತರು. ನಮ್ಮಲ್ಲಿ ಐದು ವರ್ಷದ ಬಿಡಿಎಸ್ ಮುಗಿಸಿ, ಆಮೇಲೆ ಮೂರು ವರ್ಷ ಇದೇ ವಿಷಯದಲ್ಲಿ ಎಂಡಿಎಸ್ ಓದಿದವರೇ ಆರ್ಥೊಡಾಂಟಿಸ್ಟ್. ತಂತಿಯೋ ಪ್ಲಾಸ್ಟಿಕ್ಕೋ ಅಂತ ಕೇಳೋ ಮುಂಚೆ ಮಾಡುವವರು ಏನು ಓದಿದ್ದಾರೆ ಅಂತ ಕೇಳಬೇಕು. ಕೇಳೋಕೆ ಸಂಕೋಚ ಬೇಡ.

ದುಡ್ಡಿನ ಮಾತನ್ನು ಒಂದು ಸಾಲಿನಲ್ಲಿ ಮುಗಿಸೋಕೆ ಆಗೋದಿಲ್ಲ. ಅಲೈನರಿಗೆ ಎಷ್ಟೋ ಕಡೆ ಲಕ್ಷ ದಾಟುತ್ತದೆ, ಲೋಹದ ಕ್ಲಿಪ್ ಅದಕ್ಕಿಂತ ತುಂಬಾ ಕಡಿಮೆಗೆ ಆಗುತ್ತದೆ. ಇಬ್ಬರು ಮಕ್ಕಳಿರೋ, ಕೊಬ್ಬರಿ ರೇಟು ನೋಡಿಕೊಂಡು ವರ್ಷದ ಲೆಕ್ಕ ಹಾಕೋ ಮನೆಗೆ ಇದು ಸಣ್ಣ ವ್ಯತ್ಯಾಸವಲ್ಲ. ತುಮಕೂರಿನ ಅಗಳಕೋಟೆಯಲ್ಲೇ ಡೆಂಟಲ್ ಕಾಲೇಜಿದೆ, ಕೆಜಿಎಫ್‌ನಲ್ಲೂ ಒಂದಿದೆ. ಇಂಥ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್ಕಿಗಿಂತ ಕಡಿಮೆ ಖರ್ಚಿಗೆ, ಮೇಷ್ಟ್ರುಗಳ ಕಣ್ಣಳತೆಯಲ್ಲೇ ಚಿಕಿತ್ಸೆ ಆಗುತ್ತದೆ. ಕಾಯಬೇಕಾಗುತ್ತದೆ, ಅಷ್ಟೇ.

ಯಾವುದೇ ಹಾಕಿಸಿದರೂ ಕೊನೆಗೆ ರಿಟೈನರ್, ಅಂದರೆ ಸರಿದ ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ ಸಾಧನ, ಬೇಕೇ ಬೇಕು, ಇಲ್ಲದಿದ್ದರೆ ಹಲ್ಲು ಹಳೇ ಜಾಗಕ್ಕೆ ವಾಪಸ್ ಹೊರಡುತ್ತದೆ. ಅದು ಮೊದಲೇ ಹೇಳಿದ ದುಡ್ಡಿನಲ್ಲಿ ಸೇರಿದೆಯಾ, ಒಡೆದರೆ ಹೊಸದಕ್ಕೆ ಎಷ್ಟು ಅಂತ ಶುರುವಿನ ದಿನವೇ ಕೇಳಿ ಬರೆಸಿಕೊಳ್ಳಿ.